ವಿಶೇಷ ಅನುಮತಿ

ಹೊಗೆಕೊಳವೆ ಕಾಣುತ್ತಿದೆ, ತುದಿಯ ಕೆಂಪು ಪಟ್ಟಿಯ ಸಮೇತ, ಅಂದರೆ ಐದು ಕಿಲೋಮೀಟರ್, ಹಾರಬಹುದು — ಹಲ್ಲುಜ್ಜುತ್ತ ಅಡುಗೆಮನೆಯ ಕಿಟಕಿಯಲ್ಲಿ ನಿಂತವಳ ಕಣ್ಣು ತಾನಾಗಿಯೇ ಅಳೆದುಬಿಟ್ಟಿತು, ಅಳೆದು ಯಾರಿಗೆ ಹೇಳುವುದು ಈಗ, ಗಂಡನ ಅಂತ್ಯಕ್ರಿಯೆ ಮುಗಿದು ಐದು ದಿನ, ನಿನ್ನೆ ನೆಂಟರೂ ಹೊರಟರು, ಬಾಡಿಗೆ ಕುರ್ಚಿಗಳೂ ಹೋದವು, ಪಾತ್ರೆ ತೊಳೆಯುವ ಸೋಪು ಮುಗಿದಿದೆ, ತರಬೇಕು. ನೀರಿನ ಟ್ಯಾಂಕ್ ಕಂಡರೆ ಒಂದು, ರೈಲ್ವೆ ಸೇತುವೆ ಕಂಡರೆ ಮೂರು, ಹೊಗೆಕೊಳವೆಗೆ ಐದು, ಅವನೇ ಕಲಿಸಿದ್ದ. ಅವನದು ಪುಟ್ಟ ವಿಮಾನ, ಕಣ್ಣಿನ ಲೈಸೆನ್ಸು, ಕಣ್ಣಿಗೆ ಕಂಡರೆ ಹಾರು, ಕಂಡರೆ ಇಳಿ, ಅಷ್ಟೇ. ಮೋಡದೊಳಗೆ ಮೀಟರಿನ ಮುಳ್ಳುಗಳನ್ನು ನಂಬಿ ಹಾರುವವರ ಲೈಸೆನ್ಸು ಬೇರೆ, ಅದು ಮುಂದಿನ ವರ್ಷ ಅನ್ನುತ್ತಿದ್ದ, ಮೂರು ವರ್ಷದಿಂದ ಅನ್ನುತ್ತಿದ್ದ. ಅವತ್ತು ಹೋಗುವಾಗ ಆಕಾಶ ತೊಳೆದ ತಟ್ಟೆ, ಬರುವಾಗ ಮಂಜು, ಇದೇ ಕಿಟಕಿಯಿಂದ ಸೇತುವೆ ಕಂಡಿತ್ತು, ಅದರಾಚೆ ಏನೂ ಇಲ್ಲ — ಬಾಯಿ ಮುಕ್ಕಳಿಸಿದಳು. ಊಟದ ಮೇಜಿನ ಹತ್ತಿರ ಭಾವ ಆಗಲೇ ಸ್ನಾನ ಮಾಡಿ ಕೂತಿದ್ದಾನೆ, ಮುಂದೆ ದೂರಿನ ಕಾಗದ, ಕೊನೆಯಲ್ಲಿ ಅವಳ ಹೆಸರು ಟೈಪಾಗಿ ಸಹಿಗೆ ಕಾಯುತ್ತಿದೆ, ಭಾವ ಹಲ್ಲಿನ ಡಾಕ್ಟರು, ಬಾಯಿ ತೆರೆದು ಮಲಗಿದವರ ಜೊತೆಯೇ ಮಾತಾಡಿ ಅಭ್ಯಾಸ, ಉತ್ತರ ಬರುತ್ತದೆಂಬ ನಿರೀಕ್ಷೆಯೇ ಇಲ್ಲ. ಹನ್ನೊಂದು ಗಂಟೆಗೆ ಕೊಡಬೇಕಮ್ಮ, ವಿಮಾನ ನಿಲ್ದಾಣದ ಆ ಟವರಿನವನ ಕೆಲಸ ಹೋಗಲೇಬೇಕು, ನನ್ನ ತಮ್ಮ ಮೇಲೆ ಸುತ್ತುತ್ತಾ ಇದ್ದರೆ ಇವನು ನಿಮ್ಮ ಉದ್ದೇಶ ಹೇಳಿ, ನಿಮ್ಮ ಉದ್ದೇಶ ಹೇಳಿ ಅಂತಾನಲ್ಲ, ಹೋಟೆಲ್ ಮಾಣಿಯ ಹಾಗೆ. ಪೆನ್ನಿನ ಮುಚ್ಚಳವನ್ನೂ ಅವನೇ ತೆಗೆದಿಟ್ಟಿದ್ದ.

ಪೆನ್ನು ನೋಡಿದಳು, ಕಾಗದ ನೋಡಿದಳು. ನಿನ್ನೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಅವತ್ತಿನ ರೇಡಿಯೋ ಮಾತಿನ ಧ್ವನಿಮುದ್ರಣ ಕೇಳಿಸಿದ್ದರು, ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು, ಮೊದಲು ಟವರಿನ ದನಿ, ನೋಟ ಮೂರು ಕಿಲೋಮೀಟರ್, ಕಣ್ಣಿನ ನಿಯಮದವರಿಗೆ ನಿಲ್ದಾಣ ಮುಚ್ಚಿದೆ, ನಿಮ್ಮ ಉದ್ದೇಶ ಹೇಳಿ. ಕಾಯ್ತೀನಿ, ಎಂದ ಅವಳ ಗಂಡ, ಎಷ್ಟು ಸಾಮಾನ್ಯ ದನಿ, ಬಾತ್‌ರೂಮಿನ ಹೊರಗೆ ನಿಂತು ಹೇಳಿದ ಹಾಗೆ. ಮತ್ತೆ, ಉದ್ದೇಶ ಹೇಳಿ. ಮತ್ತೆ. ಮತ್ತೆ. ನಾಲ್ಕು ಸಲ, ಅವಳು ಎಣಿಸಿದ್ದಳು, ಉಳಿದವರು ಬೈದರು, ಅವಳು ಎಣಿಸಿದಳು, ಏಕೆಂದರೆ ಅವನಿಗೆ ಪರೀಕ್ಷೆಯ ಪಾಠ ಒಪ್ಪಿಸಿಕೊಂಡವಳು ಅವಳೇ, ಇದೇ ಮೇಜು, ಅವಳ ಕೈಯಲ್ಲಿ ಪ್ರಶ್ನೆಪುಸ್ತಕ, ಅವನು ಬಟಾಣಿ ಬಿಡಿಸುತ್ತ — ನೋಟ ಕಡಿಮೆಯಿದ್ದಾಗ ಇಳಿಯಬೇಕಾದರೆ? ವಿಶೇಷ ಅನುಮತಿ, ಮೋಡ ಮುಟ್ಟದೆ, ಒಂದು ಸಲಕ್ಕೆ ಒಂದೇ ವಿಮಾನ. ಯಾರು ಮೊದಲು ಹೇಳಬೇಕು? ಪೈಲಟ್ಟು. ಟವರು ತಾನಾಗಿ ಕೊಡಬಹುದೇ? ಕೊಡಬಾರದು, ತಗೋ ಅಂತ ಸೂಚಿಸಲೂ ಬಾರದು, ಪೈಲಟ್ಟೇ ಕೇಳಬೇಕು, ಮೇಡಂ, ಪಾಸಾದೆನಾ? ಪಾಸಾದ. ತೊಂಬತ್ತೊಂದು ಅಂಕ. ಆ ನಾಲ್ಕು ಸಲವೂ ಟವರಿನವರು ಅವನ ಬಾಯಿಗೆ ಚಮಚ ಹಿಡಿದು ನಿಂತಿದ್ದರು, ಅದಕ್ಕಿಂತ ಹತ್ತಿರ ಹೋಗಲು ನಿಯಮ ಬಿಡುವುದಿಲ್ಲ, ಇವನು ಬಾಯಿ ತೆರೆಯಲಿಲ್ಲ. ಆಮೇಲೆ ಅದು. ಟಕ್. ರೇಡಿಯೋದ ಗುಂಡಿ ಒತ್ತಿದ ಸದ್ದು, ಹಿಂದೆ ಎಂಜಿನ್ನಿನ ಗುರ್‌ಗುಟ್ಟುವಿಕೆ, ಮಾತಿಲ್ಲ, ಬಿಟ್ಟ. ಇನ್ನೊಂದು ಸಲ ಟಕ್ — ಹೆಬ್ಬೆರಳು, ಉಗುರಿನ ಪಕ್ಕ ಕಚ್ಚಿ ಕಚ್ಚಿ ಸಿಪ್ಪೆ ಎದ್ದ ಆ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ. ಆಮೇಲೆ ಬೇರೆ ಕಡೆ ಹೋಗ್ತೀನಿ ಅಂದ, ಹೋದ, ಮಂಜಿನಡಿ ಗುಡ್ಡವಿತ್ತು.

ಕೇಳುವವನಲ್ಲ ಅವನು. ಉಪ್ಪು ದೂರವಿದ್ದರೆ ಉಪ್ಪಿಲ್ಲದೆ ಉಣ್ಣುವವನು, ದಾರಿ ತಪ್ಪಿದರೆ ಊರೆಲ್ಲ ಸುತ್ತಿ, ಈ ಕಡೆ ನೋಡಿರಲಿಲ್ಲ ನೋಡು ಅನ್ನುವವನು, ಎರಡು ವರ್ಷ ಅವಳ ಹಿಂದೆ ಲೈಬ್ರರಿ ಮೆಟ್ಟಿಲು ಹತ್ತಿಳಿದು ಒಂದು ಮಾತಾಡದೆ ಕೊನೆಗೆ ಅವಳೇ, ಮದುವೆ ಆಗ್ತೀಯಾ ಇಲ್ಲವಾ, ಎಂದು ಕೇಳಬೇಕಾಯಿತು, ಆಗ ಅವನು ಎಷ್ಟು ನಿರಾಳವಾಗಿ ನಕ್ಕ, ಆ ನಗುವಿಗೆ ಅವಳು ಸೋತಳು, ಆ ನಗುವನ್ನು ಈಗ ಬೈಯಬೇಕು ಅನಿಸುತ್ತದೆ, ಬೈಯುತ್ತಾಳೆ, ಯಾಕೆ ಬೈಯಬಾರದು. ಸಹಿ ಹಾಕು, ಬಾಕಿದ್ದು ನಾನು ನೋಡ್ಕೋತೀನಿ, ಎಂದ ಭಾವ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಅವನು ಕೇಳಲಿಲ್ಲ ಭಾವ, ಕೇಳಿದ್ದರೆ ಸಿಗುತ್ತಿತ್ತು, ಅವನಿಗೆ ಗೊತ್ತಿತ್ತು. ಅತ್ತೆ ಬಾಗಿಲಲ್ಲಿ, ಸತ್ತವನ ಮೇಲೆ ತಪ್ಪು ಹಾಕ್ತೀಯಲ್ಲಮ್ಮ, ನಿನ್ನ ಕಣ್ಣಲ್ಲಿ ಒಂದು ಹನಿ ಇಲ್ಲ, ಮೇಲಿಂದ ಈ ಮಾತು. ಇಲ್ಲ ಅತ್ತೆ, ಹನಿ ಇಲ್ಲ, ಎಲ್ಲಿದೆಯೋ ಗೊತ್ತಿಲ್ಲ, ಆದರೆ ಗೊತ್ತಿರುವುದನ್ನು ಗೊತ್ತಿಲ್ಲ ಅನ್ನಲಾರೆ, ಅವನು ನಿಮ್ಮ ಮಗ, ನನ್ನ ಗಂಡ, ತೊಂಬತ್ತೊಂದು ಅಂಕದವನು, ಅವನನ್ನು ಏನೂ ಅರಿಯದ ಪಾಪದವನು ಮಾಡಬೇಡಿ — ಇಷ್ಟರಲ್ಲಿ ಎಷ್ಟು ಬಾಯಿಂದ ಬಂತು, ಎಷ್ಟು ಒಳಗೇ ಉಳಿಯಿತು, ಅವಳಿಗೂ ತಿಳಿಯಲಿಲ್ಲ. ಇನ್ನೂ ಶಾಕ್‌ನಲ್ಲಿದ್ದಾಳೆ, ಎಂದ ಭಾವ, ಅವಳಿಗಲ್ಲ, ಕಾಗದಕ್ಕೆ. ಅವಳು ಚಪ್ಪಲಿ ಮೆಟ್ಟುವಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಬೂದುಬಣ್ಣದ ಜಾಕೆಟ್ಟು ಕಂಡಿತು, ತೋಳು ಅವನಿಗೆ ಉದ್ದ, ಟವರಿನವರದು, ತಿಂಗಳ ಹಿಂದೆ ಚಳಿಗೆ ನಡುಗುತ್ತ ಇಳಿದವನ ಹೆಗಲಿಗೆ ತಾವಾಗಿಯೇ ಹೊದಿಸಿದ್ದರಂತೆ, ನೆಲದ ಮೇಲೆ ಹಾಗೆ ಕೊಡಬಹುದು, ಕೇಳದೆಯೂ ಕೊಡಬಹುದು. ನಾಳೆ ವಾಪಸ್ ಕೊಡಬೇಕು, ದಿನಾ ಅನ್ನುತ್ತಿದ್ದ.

ಬಸ್ಸು, ವಿಮಾನ ನಿಲ್ದಾಣದ ಕಬ್ಬಿಣದ ಗೇಟು, ಕತ್ತರಿಸದ ಹುಲ್ಲಿನ ವಾಸನೆ, ಟವರಿನವರನ್ನು ಮೇಲೆ ಮೈಕಿನ ಮುಂದೆ ಕೂರಿಸಿಲ್ಲ, ವಿಚಾರಣೆ ಮುಗಿಯುವವರೆಗೆ ಕೆಳಗಿನ ಕೋಣೆಯಲ್ಲಿ ಹಳೆಯ ಹವಾಮಾನ ಪಟ್ಟಿ ಜೋಡಿಸುವ ಕೆಲಸ, ಅವಳನ್ನು ಕಂಡು ಎದ್ದರು, ರಬ್ಬರ್ ಬ್ಯಾಂಡ್ ಕೆಳಗೆ ಬಿತ್ತು, ಸಹಿ ಹಾಕಿದೆಯಾ ಎಂದು ಮುಖವೆಲ್ಲ ಕೇಳುತ್ತಿದೆ, ಬಾಯಿ ಕೇಳುತ್ತಿಲ್ಲ. ಜಾಕೆಟ್ಟು ಮೇಜಿನ ಮೇಲಿಟ್ಟಳು. ಇದಕ್ಕೋಸ್ಕರ ಬರಬೇಕಿರಲಿಲ್ಲಮ್ಮ, ನಾನೇನೂ ಕೇಳ್ತಿರಲಿಲ್ಲ. ಗೊತ್ತು, ಎಂದಳು, ನೀವೂ ಅವನ ಹಾಗೇ. ನಾನು ಸಹಿ ಹಾಕಿಲ್ಲ, ಹಾಕೋದೂ ಇಲ್ಲ, ನೀವು ನಾಲ್ಕು ಸಲ ಹೇಳಿದಿರಿ, ವಿಚಾರಣೆಯಲ್ಲಿ ನಾನೇ ನಿಂತು ಹೇಳ್ತೀನಿ, ಮನೆಯವರು ಏನಾದರೂ ಅಂದುಕೊಳ್ಳಲಿ. ಅವರು ಜಾಕೆಟ್ಟಿನ ತೋಳು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹೊರಡಬೇಕು, ಸೋಪು ತರಬೇಕು, ಆದರೆ ಕಾಲು ಹೊರಡಲಿಲ್ಲ, ಕೇಳಿಬಿಟ್ಟಳು, ಎರಡನೇ ಸಲ ಗುಂಡಿ ಎಷ್ಟು ಹೊತ್ತು ಒತ್ತಿದ್ದ? ಅವರು ಯೋಚಿಸಲೇ ಇಲ್ಲ, ನಾಲ್ಕು ಸೆಕೆಂಡು. ನಾಲ್ಕು. ವಿಶೇಷ ಅನುಮತಿ ಕೊಡಿ — ಎರಡೇ ಸೆಕೆಂಡಿನ ಮಾತು, ಬಟಾಣಿ ಬಿಡಿಸುತ್ತ ಎಷ್ಟು ಸಲ ಅಂದಿಲ್ಲ, ಎರಡು ಸಲ ಅನ್ನಬಹುದಿತ್ತು. ನಾನೂ ಆಗ ಬಾಯಿ ಬಿಡಲು ಹೊರಟಿದ್ದೆನಮ್ಮ, ಎಂದರು ಅವರು, ನಿಯಮ ಹಾಳಾಗಲಿ, ಹೇಳಿಯೇಬಿಡೋಣ ಅಂತ, ಆದರೆ ಆ ಕಡೆ ಗುಂಡಿ ಒತ್ತಿರುವಷ್ಟು ಹೊತ್ತು ಈ ಕಡೆಯ ಮಾತು ಹೋಗಲ್ಲ. ಹೋಗುವುದಿಲ್ಲ, ಅವಳಿಗೆ ಗೊತ್ತು, ಅದೂ ಪುಸ್ತಕದಲ್ಲಿತ್ತು, ಎಂಜಿನ್ನಿನ ಸದ್ದು, ಕೆಂಪು ಗುಂಡಿ, ಉಗುರಿನ ಪಕ್ಕ ಸಿಪ್ಪೆ ಎದ್ದ ಹೆಬ್ಬೆರಳು, ಒತ್ತಿ ಹಿಡಿದ ಹೆಬ್ಬೆರಳು, ಇನ್ನೂ ಎತ್ತಿಲ್ಲ, ಹೆಬ್ಬೆರಳು —