ಎತ್ತಿದ್ದು, ಇಟ್ಟಿದ್ದು

ನೇತ್ರಾ ಸೊಸೆಯಾಗಿ ತಿಕೋಟಾಕ್ಕೆ ಬಂದ ಹೊಸದರಲ್ಲಿ ಆ ಮನೆಯ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಎಂದರೆ ಮಾವ ಗುರಲಿಂಗಪ್ಪನವರ ತಲೆ. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳ ರೈತರು ಒಣದ್ರಾಕ್ಷಿಯ ಡಬ್ಬಿಗಳನ್ನು ತಂದು ಅವರ ತಣ್ಣನೆಯ ಖೋಲಿಗಳಲ್ಲಿ ಇಟ್ಟು ಹೋಗುತ್ತಿದ್ದರು. ದರ ಮನಸ್ಸಿಗೆ ಬಂದಾಗ ಬಂದು ಒಯ್ಯುತ್ತಿದ್ದರು. ಘೋಣಸಗಿಯ ಚಂದ್ರಕಲಾಳ ಮಾಲು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಗುರಲಿಂಗಪ್ಪ ಒಂದು ಗಳಿಗೆ ಕಣ್ಣು ಮುಚ್ಚಿ, "ಮೂರನೇ ಖೋಲಿ, ಎಡಗಡಿ, ಗ್ವಾಡಿಗೆ ಹತ್ತಿ" ಅನ್ನುತ್ತಿದ್ದರು. ಹೋಗಿ ನೋಡಿದರೆ ಮಾಲು ಅಲ್ಲೇ ಇರುತ್ತಿತ್ತು.

ಆದರೆ ವ್ಯಾಪಾರ ಬೆಳೆಯಿತು, ಖೋಲಿಗಳೂ ಹೆಚ್ಚಾದವು. ಒಂದು ದಿನ ಗುರಲಿಂಗಪ್ಪ ತಾವಾಗಿಯೇ ಸೊಸೆಯನ್ನು ಕರೆದು ಹೇಳಿದರು: "ನೇತ್ರವ್ವ, ನೀ ವಿಜಾಪುರದಾಗ ಕಂಪ್ಯೂಟರ್ ಕಲ್ತಾಕಿ. ನನ್ನ ತಲಿ ಹಳೇದಾತು. ಇದರಾಗಿಂದೆಲ್ಲಾ ತಗದು ನಿನ್ನ ಪೆಟಗಿಯೊಳಗ ಹಾಕು ನೋಡೂಣು."

ಯಾರೂ ಹಾಗೆ ತಮ್ಮ ಕೆಲಸವನ್ನು ಪೂರ್ತಿ ನಂಬಿ ಅವಳ ಕೈಗೆ ಕೊಟ್ಟಿರಲಿಲ್ಲ. ನೇತ್ರಾ ಹಟ ಹಿಡಿದು ಕುಳಿತು ಪ್ರೋಗ್ರಾಮನ್ನು ತಾನೇ ಬರೆದಳು. ಪ್ರತಿ ಡಬ್ಬಿಗೂ ಒಂದು ಚೀಟಿ, ಚೀಟಿಯ ಮೇಲೆ ಗೆರೆಗಳು, ಗೆರೆ ಓದಲು ಕೈಯಲ್ಲಿ ಹಿಡಿಯುವ ಸ್ಕ್ಯಾನರ್. ಹಮಾಲರು ಡಬ್ಬಿ ಇಟ್ಟ ಕಡೆ ಕುಂಯ್ ಅನಿಸಿದರೆ ಸಾಕು, ಆ ಡಬ್ಬಿ ಯಾವ ಖೋಲಿಯ ಯಾವ ಸಾಲಿನಲ್ಲಿದೆ ಎಂದು ಆಫೀಸಿನ ಪರದೆಯ ಮೇಲೆ ಬರುತ್ತಿತ್ತು.

ಮೊದಲ ವರ್ಷವೇ ಪೆಟ್ಟು ಬಿತ್ತು. ಒಂದು ಮಧ್ಯಾಹ್ನ ಮಾಲು ಒಂದು ಖೋಲಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದಾಗ ಕರೆಂಟು ಹೋಯಿತು. ಕಂಪ್ಯೂಟರ್ ಕೆಲವು ಡಬ್ಬಿಗಳ ಹಳೆಯ ಜಾಗವನ್ನು ಅಳಿಸಿತ್ತು, ಹೊಸ ಜಾಗವನ್ನು ಇನ್ನೂ ಬರೆದಿರಲಿಲ್ಲ; ಕೆಲವಕ್ಕೆ ಹೊಸದನ್ನು ಬರೆದಿತ್ತು, ಹಳೆಯದನ್ನು ಅಳಿಸಿರಲಿಲ್ಲ. ಅಷ್ಟರಲ್ಲಿ ಜೀವ ಬಿಟ್ಟಿತು. ಮತ್ತೆ ಹಚ್ಚಿದಾಗ ಕೆಲವರ ಡಬ್ಬಿಗಳು ಎಲ್ಲಿಯೂ ಇರಲಿಲ್ಲ, ಕೆಲವರವು ಎರಡು ಕಡೆ ಇದ್ದವು. ಗುರಲಿಂಗಪ್ಪ ಸ್ವೆಟರ್ ಹಾಕಿಕೊಂಡು, ಟಾರ್ಚು ಹಿಡಿದು ಖೋಲಿ ಖೋಲಿ ತಿರುಗಿ ಎಲ್ಲವನ್ನೂ ಹುಡುಕಿ ಕೊಟ್ಟರು. ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನೇತ್ರಾಗೆ ಹಗುರಾಗುತ್ತಿತ್ತೇನೋ. ಅವರು ಮೂಗು ಕೆಂಪಗೆ ಮಾಡಿಕೊಂಡು ಬಂದು, "ಊಟಾ ಮಾಡಿಯೇನಬೇ?" ಎಂದು ಕೇಳಿದ್ದೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಆಮೇಲೆಯೇ ಅವಳು ಪ್ರೋಗ್ರಾಮಿಗೆ ಜರ್ನಲ್ ಕೂಡಿಸಿದ್ದು. ಈಗ ಹಮಾಲರು ಎರಡು ಸಲ ಸ್ಕ್ಯಾನ್ ಮಾಡಬೇಕಾಯಿತು, ಎತ್ತುವಾಗ ಒಮ್ಮೆ, ಇಡುವಾಗ ಒಮ್ಮೆ. ಎಲ್ಲರಿಗಿಂತ ಹೆಚ್ಚು ಗೊಣಗಿದವರು ಗುರಲಿಂಗಪ್ಪನವರೇ.

"ಒಂದ ಡಬ್ಬಿಗೆ ಎರಡ ಸಲ ಯಾಕ ಕುಂಯ್ ಅನಸಬೇಕವ್ವಾ? ನಿನ್ನ ಪೆಟಗಿಗೆ ಕಿವಿ ಕೇಳಸೂದಿಲ್ಲೇನು?"

"ಹಂಗಲ್ರಿ ಮಾವಾರ. ನೀವು ಎತ್ತೂಮುಂದ ಒತ್ತಿದ್ರಿ ಅಂದ್ರ, ಅದು ಅಸಲಿ ಲೆಕ್ಕಕ್ಕ ಕೈ ಹಚ್ಚೂದಿಲ್ರಿ. ಬಾಜೂಕ ಒಂದು ಜರ್ನಲ್ ಐತಿ, ಅದರಾಗ ಮೊದಲ ಬರಕೋತೈತಿ. ಇಂಥಾ ಡಬ್ಬಿ, ಇಲ್ಲಿಂದ ಅಲ್ಲಿಗಿ, ಇಂಥವರು ಒಯ್ಯಾಕತ್ತಾರ ಅಂತ. ನೀವು ಇಟ್ಟು ಇನ್ನೊಮ್ಮಿ ಒತ್ತಿದ ಮ್ಯಾಲೆ, ಈ ಕೆಲಸ ಮುಗೀತು ಅಂತ ಅಲ್ಲೇ ಗುರ್ತು ಹಾಕಿ, ಆಮ್ಯಾಲ ಅಸಲಿ ಲೆಕ್ಕ ಬದಲಿ ಮಾಡ್ತೈತಿ."

"ನಡಕ ಕರೆಂಟ್ ಹೋತಂದ್ರ?"

"ತಿರುಗಿ ಚಾಲೂ ಆದಕೂಡ್ಲೆ ಮೊದಲ ಜರ್ನಲ್ ಓದ್ತೈತ್ರಿ. ಮುಗೀತು ಅಂತ ಗುರ್ತು ಇದ್ದದ್ದು ಲೆಕ್ಕಕ್ಕ ಹತ್ತೇತೋ ಇಲ್ಲೋ ನೋಡಿ, ಹತ್ತಿರಲಿಕ್ರ ಹಚ್ಚತೈತಿ. ಮುಗೀಲಾರದ್ದು ಆಗೇ ಇಲ್ಲ ಅಂತ, ನಮ್ಮನ್ನ ಒಂದ ಮಾತು ಕೇಳಿ ಬಿಟ್ಟಬಿಡತೈತಿ. ಅರ್ಧಾ ಮರ್ಧಾ ಅನ್ನೂದ ಉಳಿಯೂದಿಲ್ಲ."

ಗುರಲಿಂಗಪ್ಪ ಸ್ವಲ್ಪ ಹೊತ್ತು ಸ್ಕ್ಯಾನರನ್ನು ತಿರುವಿ ಮುರುವಿ ನೋಡಿದರು. "ನೀ ಹೇಳಿದಿ ಅಂತ ಒತ್ತತೇನಿ ನೋಡು. ತಿಳದೈತಿ ಅಂತಲ್ಲ," ಅಂದರು. ಅಂದಂತೆಯೇ ನಡೆದುಕೊಂಡರು. ಹಮಾಲರು ಒಮ್ಮೊಮ್ಮೆ ಮರೆಯುತ್ತಿದ್ದರು, ಗಂಡ ಸಿದ್ದಲಿಂಗೇಶ ಬೇಕಂತಲೇ ಮರೆಯುತ್ತಿದ್ದ. ಗುರಲಿಂಗಪ್ಪ ಮಾತ್ರ ಒಂದು ಡಬ್ಬಿ ಸರಿಸಿದರೂ ಎರಡು ಸಲ ಒತ್ತದೆ ಬಿಡುತ್ತಿರಲಿಲ್ಲ.

ಈ ವರ್ಷ ಏಪ್ರಿಲ್ ಕೊನೆಗೆ ಎರಡನೇ ಖೋಲಿಯ ತಂಪು ಮಾಡುವ ಯಂತ್ರ ಕೆಟ್ಟಿತು. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು. ಮಾಲು ಒಳಗೇ ಬಿಟ್ಟರೆ ಹಸಿರು ಒಣದ್ರಾಕ್ಷಿ ಕಪ್ಪಾಗುತ್ತದೆ, ಬೇಗ ನಾಲ್ಕನೇ ಖೋಲಿಗೆ ಸಾಗಿಸಬೇಕು. ಆದರೆ ಅದೇ ದಿನ ಬಬಲೇಶ್ವರದ ಆಚೆ ಜೈನಾಪುರದಲ್ಲಿ ಸಂಬಂಧಿಕರ ಮನೆಯ ನಿಶ್ಚಿತಾರ್ಥ. ಅತ್ತೆ ಕಾಶಿಬಾಯಿ ಮುಂಜಾನೆಯೇ ಹೋಗಿದ್ದರು. ಗುರಲಿಂಗಪ್ಪ ಮಧ್ಯಾಹ್ನ ಪಕ್ಕದ ಮನೆಯ ಗುರಣ್ಣನ ಜೀಪಿನಲ್ಲಿ ಹೋಗುವುದೆಂದು ಮಾತಾಗಿತ್ತು.

"ನೀವು ಹೋಗ್ರಿ ಮಾವಾರ, ನಾವು ನೋಡ್ಕೋತೀವಿ," ಎಂದಳು ನೇತ್ರಾ.

"ಗುರಣ್ಣ ಬರೂತನಕಾ ಒಂದೆರಡು ಗಾಡಿ ದೂಡತೇನಿ. ಸುಮ್ಕ ಕುಂತು ಏನ್ ಮಾಡ್ಲಿ?" ಎಂದು ಅವರು ಹೊಸ ಅಂಗಿಯ ತೋಳು ಮಡಚಿ ಕೈಗಾಡಿ ಹಿಡಿದರು.

ಊಟದ ಹೊತ್ತು ಮುಗಿಯುತ್ತಿದ್ದಂತೆ ಮುಗಿಲು ಒಮ್ಮೆಲೇ ಕಪ್ಪಾಗಿ ಗಾಳಿ ಎದ್ದಿತು. ಧೂಳು ಎಷ್ಟೆಂದರೆ ಎದುರಿನ ಬೇವಿನ ಗಿಡ ಕಾಣಲಿಲ್ಲ. ಅಂಗಳದಲ್ಲಿದ್ದ ಶೆಡ್ಡಿನ ಪತ್ರಾಸಿನ ತಗಡು ಕಿತ್ತುಕೊಂಡು ಹಾರಿತು. ಅದರ ಕೆಳಗೆ ಅಂದೇ ಬಂದ ಮಾಲಿತ್ತು. ಸಿದ್ದಲಿಂಗೇಶ, ಹಮಾಲ ಧರ್ಮರಾಜ, ಉಳಿದವರು ಎಲ್ಲರೂ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಅದು ನೆನೆಯದಂತೆ ತಾಡಪತ್ರಿ ಹೊದಿಸಲು ಓಡಿದರು. ಅದೇ ಹೊತ್ತಿಗೆ ಸಮೀಪದಲ್ಲೇ ಸಿಡಿಲು ಬಡಿಯಿತು. ಆಫೀಸಿನ ಯುಪಿಎಸ್ ಪಟ್ ಎಂದಿತು, ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು.

ಮಳೆ ದಪ್ಪ ಹನಿಗಳಾಗಿ ಸುರಿದು ಸ್ವಲ್ಪ ಹೊತ್ತಿಗೆ ನಿಂತಿತು. ಜನರೇಟರ್ ಹಚ್ಚಿ ಮೊದಲು ತಂಪಿನ ಯಂತ್ರಗಳಿಗೆ ಕೊಟ್ಟರು. ಎಲ್ಲರೂ ಒದ್ದೆಯಾಗಿ ವರಾಂಡದಲ್ಲಿ ಕೂಡಿದಾಗ ನೇತ್ರಾ ಕೇಳಿದಳು, "ಮಾವಾರು ಎಲ್ಲಿ?"

"ಗುರಣ್ಣನ ಜೀಪ್ ಬಂದು ಹೋತಲ್ಲಾ, ಗಾಳಿ ಏಳೂದ್ರಾಗ. ಜೈನಾಪುರಕ್ಕ ಹೋಗ್ಯಾನ ಅಪ್ಪ," ಎಂದ ಸಿದ್ದಲಿಂಗೇಶ. ಆದರೂ ಫೋನು ಹಚ್ಚಿ ನೋಡಿದ. ಅಪ್ಪನ ಫೋನು ಹತ್ತಲಿಲ್ಲ, ಗುರಣ್ಣನದೂ ಹತ್ತಲಿಲ್ಲ. ಗಾಳಿಗೆ ಟವರ್ ಹೋಗಿರಬೇಕು ಎಂದುಕೊಂಡರು. ಅದರಲ್ಲಿ ಅಂಜುವಂಥದ್ದು ಯಾರಿಗೂ ಕಾಣಲಿಲ್ಲ.

ನೇತ್ರಾ ಕಂಪ್ಯೂಟರಿಗೆ ಜನರೇಟರಿನಿಂದ ಒಂದು ವೈರು ಎಳೆಸಿಕೊಂಡಳು. ಪ್ರೋಗ್ರಾಮ್ ತೆರೆದುಕೊಂಡಿತು, ಜರ್ನಲ್ ಓದಲು ಶುರುಮಾಡಿತು. ಮುಗಿದ ಕೆಲಸಗಳೆಲ್ಲ ಒಂದೊಂದೇ ಲೆಕ್ಕಕ್ಕೆ ಹತ್ತುತ್ತ ಹೋದವು. ಏನೂ ಕಳೆದಿರಲಿಲ್ಲ, ಏನೂ ಎರಡಾಗಿರಲಿಲ್ಲ. ಅವಳು ಉಸಿರು ಬಿಟ್ಟಳು. ಕೊನೆಗೆ ಪರದೆ ಕೇಳಿತು: ಮುಗಿಯದ ಕೆಲಸಗಳಿವೆ, ಬಿಟ್ಟುಬಿಡಲೇ?

ಹೌದು ಎಂದು ಒತ್ತಿದ್ದರೆ ಅವು ಮಾಯವಾಗಿ ಹೋಗುತ್ತಿದ್ದವು. ಯಾವಾಗಲೂ ಹಾಗೇ ಮಾಡುತ್ತಿದ್ದಳು. ಅಂದು ಯಾಕೋ ಬೆರಳು ತಡೆದು ಓದಿದಳು.

ಎರಡೇ ಸಾಲುಗಳಿದ್ದವು. ಒಂದು ಧರ್ಮರಾಜನದು, ಎತ್ತಿದ್ದ, ಇಟ್ಟಿರಲಿಲ್ಲ. ಅವನ ಕೈಗಾಡಿ ಡಬ್ಬಿ ಸಮೇತ ಆಫೀಸಿನ ಬಾಗಿಲ ಮುಂದೆಯೇ ನಿಂತಿತ್ತು. ಇನ್ನೊಂದು ಗುರಲಿಂಗಪ್ಪನವರದು. ಎರಡನೇ ಖೋಲಿಯಿಂದ ನಾಲ್ಕನೇ ಖೋಲಿಗೆ, ಹಿಂದಿನ ಮೂಲೆಗೆ. ಎತ್ತಿದ್ದರು, ಇಟ್ಟಿರಲಿಲ್ಲ.

ನೇತ್ರಾ ಆ ಸಾಲನ್ನು ಇನ್ನೊಮ್ಮೆ ಓದಿದಳು. ಮಾವ ಜೀಪು ಹತ್ತಿದ್ದರೆ ಮೊದಲು ಡಬ್ಬಿ ಇಟ್ಟು, ಒತ್ತಿ, ಆಮೇಲೆ ಹತ್ತುತ್ತಿದ್ದರು. ಜೀಪು ಹಾರ್ನು ಹೊಡೆದರೂ, ನಿಶ್ಚಿತಾರ್ಥ ತಪ್ಪಿದರೂ ಒತ್ತದೆ ಹೋಗುವವರಲ್ಲ.

"ರೀ!" ಎಂದು ಕೂಗಿದಳು. "ಮಾವಾರು ಹೋಗಿಲ್ರಿ. ನಾಕನೇ ಖೋಲ್ಯಾಗ ಅದಾರ!"

"ಏ, ಗುರಣ್ಣ..." ಎಂದು ಸಿದ್ದಲಿಂಗೇಶ ಏನೋ ಹೇಳಹೊರಟ. ಅವಳು ನಿಲ್ಲಲಿಲ್ಲ, ಬರಿಗಾಲಲ್ಲೇ ಓಡಿದ್ದಳು. ಅವಳ ಮುಖ ನೋಡಿ ಅವನೂ ಓಡಿದ, ಹಿಂದೆ ಧರ್ಮರಾಜ.

ದಪ್ಪ ಬಾಗಿಲು ಗಾಳಿಗೆ ಬಡಿದು ಮುಚ್ಚಿಕೊಂಡಿತ್ತು. ಎಳೆದು ತೆರೆದಾಗ ಒಳಗೆ ದೀಪವಿರಲಿಲ್ಲ, ಫ್ಯಾನಿನ ಭರ್ ಎನ್ನುವ ಸದ್ದು ಮಾತ್ರ. ನೇತ್ರಾ ಫೋನಿನ ಟಾರ್ಚು ಹಿಡಿದು, "ಮಾವಾರ!" ಎಂದಳು. ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಸಾಲುಗಳ ನಡುವೆ ಹಾಯ್ದು ಹಿಂದಿನ ಮೂಲೆಗೆ ಹೋದಾಗ, ಕುಸಿದು ಬಿದ್ದ ಡಬ್ಬಿಗಳ ರಾಶಿಯ ಆಚೆ ಒಂದು ಬಿಳಿ ಗಂಟು ಕಂಡಿತು. ಹರಿದ ರಟ್ಟುಗಳ ಮೇಲೆ ಕುಳಿತು, ಮಾಲಿಗೆ ಹೊದಿಸುವ ಪ್ಲಾಸ್ಟಿಕ್ಕನ್ನು ತಲೆತುಂಬ ಸುತ್ತಿಕೊಂಡಿದ್ದರು ಗುರಲಿಂಗಪ್ಪ. ಒಂದು ಕಾಲು ಡಬ್ಬಿಗಳ ಕೆಳಗಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು.

"ಬಂದ್ಯೇನವ್ವಾ," ಅಂದರು. "ದೀಪ ಹೋದಕೂಡ್ಲೆ ಕತ್ತಲದಾಗ ಗಾಡಿ ಸಾಲಿಗೆ ಬಡದು ಡಬ್ಬಿ ಮೈಮ್ಯಾಲ ಬಿದ್ದುವು. ಒದರಿ ಒದರಿ ಗಂಟಲ ಹೋತು. ಬಾಗಲ ತನಕಾ ತೆವಳಾಕ ಕಾಲ ಬಿಡವಲ್ದು."

ಸಿದ್ದಲಿಂಗೇಶ ಡಬ್ಬಿಗಳನ್ನು ಎತ್ತಿ ಎತ್ತಿ ಒಗೆದ. ಮೂವರೂ ಸೇರಿ ಅವರನ್ನು ಕೈಗಾಡಿಯ ಮೇಲೆ ಮಲಗಿಸಿ ಹೊರಗೆ ತಂದರು. ಮಳೆ ತೊಳೆದ ಬಿಸಿಲು ಅಂಗಳದಲ್ಲಿ ಹಿತವಾಗಿ ಬಿದ್ದಿತ್ತು. ಯಾರೋ ಕಂಬಳಿ ತಂದರು. ನೇತ್ರಾ ಅವರ ಅಂಗೈಗಳನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡು ತಿಕ್ಕುತ್ತ ಕುಳಿತಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು.

"ಅಳಬ್ಯಾಡ, ಯವ್ವಾ. ಜೀವ ಗಟ್ಟಿ ಐತಿ ನಂದು," ಎಂದು ಗುರಲಿಂಗಪ್ಪ ಚಹಾ ಗುಟುಕರಿಸಿದರು. ನಡುಗುವುದು ಸ್ವಲ್ಪ ನಿಂತ ಮೇಲೆ ದನಿ ತಗ್ಗಿಸಿ, "ಒಂದ ತಪ್ಪ ಆಗೇತಿ ನೋಡು. ಹಸಿವಿ ತಡೀಲಾರದ ಒಂದ ಡಬ್ಬಿ ಒಡದೇನಿ. ಚಂದ್ರಕಲಾನ ಮಾಲು. ಎರಡ ಹಿಡಿ ತಿಂದೇನಿ, ಭಾಳ ಸಿಹಿ ಅದಾವು. ಬರಕೋ," ಅಂದರು.

ಧರ್ಮರಾಜ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಸಿದ್ದಲಿಂಗೇಶ ನಗುತ್ತ ನಗುತ್ತಲೇ ಆಚೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡ.

ಕಾಲಿನ ಎಲುಬು ಮುರಿದಿತ್ತು. ವಿಜಯಪುರದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿ, ಮರುದಿನ ಮುಂಜಾನೆ ಇನ್ನೊಮ್ಮೆ ತೋರಿಸಿ ಹೋಗಿ ಎಂದರು. ಹಾಗಾಗಿ ಅಂದು ರಾತ್ರಿ ದವಾಖಾನೆಗೆ ಹತ್ತಿರವಾದ ಇಬ್ರಾಹಿಂಪುರದಲ್ಲಿದ್ದ ನೇತ್ರಾಳ ತವರುಮನೆಗೆ ಹೋಗಬೇಕಾಯಿತು. ಬೀಗರ ಮನೆಯಲ್ಲಿ ಗುರಲಿಂಗಪ್ಪ ಅದುವರೆಗೆ ಒಂದು ರಾತ್ರಿಯೂ ಉಳಿದವರಲ್ಲ. ಬಹಳ ಸಂಕೋಚಪಟ್ಟುಕೊಂಡೇ ಒಳಗೆ ಬಂದು, ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕುಳಿತರು. ಅಷ್ಟರಲ್ಲಿ ಜೈನಾಪುರದಿಂದ ಕಾಶಿಬಾಯಿಯ ಫೋನು ಬಂತು. ಹಾರ್ನು ಹೊಡೆದರೂ ಯಾರೂ ಬಾರದ್ದರಿಂದ ಗುರಣ್ಣ ಒಬ್ಬನೇ ಹೋಗಿದ್ದನಂತೆ. ಅತ್ತೆ ಒಂದೇ ಸಮನೆ ಬೈದರು, ಬೈಯುತ್ತ ಅತ್ತರು. "ಹೂಂ, ಹೂಂ, ಖರೇನ ಐತಿ ನೀ ಅನ್ನೂದು," ಎಂದು ಮಾವ ಎಲ್ಲಕ್ಕೂ ಒಪ್ಪಿಕೊಂಡರು.

ನೇತ್ರಾ ಅಡುಗೆಮನೆಯಲ್ಲಿ ತಾಯಿಯ ಜೊತೆ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯ ಮಾತು ಕೇಳಿಸುತ್ತಿತ್ತು.

"ಅಲ್ರಿ ಬೀಗರ, ನೀವು ಒಳಗ ಇದ್ದದ್ದು ನಮ್ಮ ನೇತ್ರಾಗ ಹ್ಯಾಂಗ ಗೊತ್ತಾತು?" ಎಂದು ಕೇಳಿದರು ಅವಳ ತಂದೆ ಅರುಣಕುಮಾರ.

ಗುರಲಿಂಗಪ್ಪ ಗಂಟಲು ಸರಿಮಾಡಿಕೊಂಡರು. "ಅದು ಏನೈತಿ ನೋಡ್ರಿ, ನಿಮ್ಮ ಮಗಳು ಒಂದು ಜರ್ನಲ್ ಮಾಡ್ಯಾಳ. ನಾವು ಏನರ ಮಾಡಾಕ ಹೊಂಟ್ರ ಅದಕ್ಕ ಮೊದಲ ಹೇಳಿ ಹೋಗಬೇಕು. ಮುಗಿಸಿ ಬಂದು, ಮುಗೀತವ್ವಾ ಅಂತ ಹೇಳಬೇಕು. ಹೇಳಲಿಲ್ಲ ಅಂದ್ರ, ಇವ ಇನ್ನೂ ಬಂದಿಲ್ಲ ಅಂತ ಅದು ಹಾದಿ ನೋಡ್ಕೋತ ಕುಂದರತೈತ್ರಿ."

ಕಂಪ್ಯೂಟರ್ ಯಾರ ಹಾದಿಯನ್ನೂ ನೋಡುವುದಿಲ್ಲ. ತಾನು ಓದದೆ ಹೌದೆಂದು ಒತ್ತಿದ್ದರೆ ಆ ಸಾಲನ್ನು ಅಳಿಸಿಯೇ ಬಿಡುತ್ತಿತ್ತು. ಅದನ್ನು ಹೇಳೋಣವೆಂದು ನೇತ್ರಾ ಬಾಗಿಲ ತನಕ ಬಂದಳು. ಮಾವ ಎರಡೂ ಕೈ ಆಡಿಸುತ್ತ ಮತ್ತೆ ಮೊದಲಿನಿಂದ ವಿವರಿಸತೊಡಗಿದ್ದರು. ತಂದೆ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅವಳು ಕೈಯಲ್ಲಿದ್ದ ಬಿಸಿ ರೊಟ್ಟಿಯನ್ನು ಮಾವನ ತಾಟಿಗೆ ಹಾಕಿ, ಮೇಲೊಂದಿಷ್ಟು ಬೆಣ್ಣೆ ಇಟ್ಟು, ಒಲೆಯ ಹತ್ತಿರ ಹೋದಳು.