ಜಿಪ್ಪಕ್ಕನ ಮನೆ ಸಾಲ

ಹಳ್ಳಿಯ ಬಸ್ ನಿಲ್ದಾಣದ ಎದುರಿಗಿದ್ದ ಆ ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಚೀಲದ ಬಾಯಿ ಮುಚ್ಚದೆ ಹಟ ಹಿಡಿದರೆ, ಸೂಟ್‌ಕೇಸಿನ ಹಿಡಿ ಕಿತ್ತು ಕೈಗೆ ಬಂದರೆ, ಟ್ರ್ಯಾಕ್ಟರಿನ ಸೀಟು ಹರಿದು ಒಳಗಿನ ಸ್ಪಂಜು ಇಣುಕಿದರೆ ಸುತ್ತಮುತ್ತಲಿನ ಊರಿನವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಜಿಪ್ಪಕ್ಕನ ಹತ್ರ ಕೊಡು." ಅವಳ ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವಳ ಅತ್ತೆಗೆ ಮಾತ್ರ ನೆನಪಿತ್ತು. ಅತ್ತೆಯೂ ಸಿಟ್ಟು ಬಂದಾಗಷ್ಟೇ ಆ ಹೆಸರು ಹಿಡಿದು ಕರೆಯುತ್ತಿದ್ದಳು.

ಅಂಗಡಿಯ ಹಿಂದೆಯೇ ಮನೆ. ಎರಡು ಕೋಣೆ, ಗೋಡೆ ಬಿರುಕುಬಿಟ್ಟ, ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆ, ಹಿತ್ತಿಲಲ್ಲಿ ಒಂದು ನಲ್ಲಿ. ಗಂಡ ತೀರಿಕೊಂಡ ಮೇಲೆ ಜಿಪ್ಪಕ್ಕ ಅಲ್ಲಿಯೇ ಹೊಲಿಗೆ ಯಂತ್ರ ಹಾಕಿಕೊಂಡು ಅತ್ತೆಯನ್ನು ನೋಡಿಕೊಂಡಳು, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮೈದುನನನ್ನು ಓದಿಸಿದಳು. ಮೈದುನ ಈಗ ಬಸ್ ಡ್ರೈವರ್. ಎದುರಿನ ನಿಲ್ದಾಣಕ್ಕೇ ಅವನ ಬಸ್ಸು ಬಂದು ನಿಲ್ಲುತ್ತಿದ್ದುದರಿಂದ ಮಧ್ಯಾಹ್ನದ ಊಟ ಮನೆಯಲ್ಲೇ ಆಗುತ್ತಿತ್ತು.

ಮನೆ ಬಾಡಿಗೆಯದು. ಮಾಲೀಕನನ್ನು ಎಲ್ಲರೂ ಫೋಟೋದಣ್ಣ ಎನ್ನುತ್ತಿದ್ದರು. ಹಿಂದೆ ಆ ಅಂಗಡಿಯಲ್ಲೇ ಅವನ ಸ್ಟುಡಿಯೋ ಇತ್ತು. ಮದುವೆ ಫೋಟೋಗಳಿಗೆ ಗಿರಾಕಿ ಹೆಚ್ಚಿದ ಮೇಲೆ ಪಟ್ಟಣ ಸೇರಿಕೊಂಡಿದ್ದ. ಒಂದು ಬೆಳಗ್ಗೆ ಬಂದವನು ಸ್ಟೂಲಿನ ತುದಿಯಲ್ಲಿ ಕೂತು ಬಹಳ ಹೊತ್ತು ಮಳೆ ಬೆಳೆಯ ಮಾತಾಡಿದ. ಅವನು ಹೀಗೆ ಸುತ್ತಿ ಬಳಸಿ ಮಾತಾಡುವವನಲ್ಲ. ಜಿಪ್ಪಕ್ಕ ಕಾಲನ್ನು ಪೆಡಲಿನಿಂದ ತೆಗೆದಳು.

"ಏನಣ್ಣ, ಬಾಡಿಗೆ ಜಾಸ್ತಿ ಮಾಡ್ಬೇಕಾ?"

"ಅದಲ್ಲ ತಂಗಿ. ಮನೆ ಮಾರ್ತಾ ಇದೀನಿ. ಸಿಮೆಂಟ್ ವ್ಯಾಪಾರಿ ಗೋದಾಮಿಗೆ ಬೇಕು ಅಂತ ದಿನಾ ಫೋನ್ ಮಾಡ್ತಾನೆ. ನಿಮ್ಮನ್ನ ಕೇಳದೆ ಅವನಿಗೆ ಮಾತು ಕೊಡೋಕೆ ನನಗೆ ಮನಸ್ಸು ಬರ್ಲಿಲ್ಲ. ನೀವೇ ತಗೊಳ್ಳಿ. ಮೂರು ತಿಂಗಳು ಕಾಯ್ತೀನಿ."

ಒಳಗಿನಿಂದ ಅತ್ತೆಯ ದನಿ ಬಂತು. "ತಗೋತೀವಿ ಅಂತ ಹೇಳೇ."

"ಯಾವ ದುಡ್ಡಲ್ಲಿ ತಗೊಳ್ಳೋದು ಅತ್ತೆ?"

"ಅದನ್ನ ಆಮೇಲೆ ನೋಡ್ಕೊಳ್ಳೋಣ. ಮೊದ್ಲು ಹೇಳು."

ಹೇಳಿದ್ದಾಯಿತು. ಮರುವಾರದಿಂದ ಜಿಪ್ಪಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಪಟ್ಟಣದ ಬ್ಯಾಂಕುಗಳ ಮೆಟ್ಟಿಲು ಹತ್ತತೊಡಗಿದಳು. ಮೊದಲನೆಯ ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. "ನನಗೆ ಸಂಬಳ ಕೊಡೋರು ನಾನೇ ಸಾರ್" ಎಂದಳು. ಅವರಿಗೆ ನಗು ಬರಲಿಲ್ಲ. ಎರಡನೆಯವರು ಮನೆ ಎಲ್ಲಿದೆ ಎಂದು ಕೇಳಿ, ಹಳ್ಳಿಯ ಹೆಸರು ಕಿವಿಗೆ ಬಿದ್ದದ್ದೇ ಕೈ ಅಲ್ಲಾಡಿಸಿದರು. ಅಷ್ಟು ದೂರದ ಮನೆಯ ಮೇಲೆ ಸಾಲ ಕೊಟ್ಟರೆ ನಾಳೆ ಅದನ್ನು ಕೊಳ್ಳುವವರು ಯಾರು ಎಂಬುದು ಅವರ ಚಿಂತೆ. ಮೂರನೆಯ ಬ್ಯಾಂಕಿನ ಯುವಕ ಮಾತ್ರ ಮರ್ಯಾದೆಯಿಂದ ಕುರ್ಚಿ ತೋರಿಸಿ, ಗಂಡನ ಸಹಿ ಬೇಕಲ್ಲ ಎಂದ.

"ಅವರು ತೀರಿಕೊಂಡು ಬಹಳ ವರ್ಷ ಆಯ್ತಪ್ಪ."

"ಓ. ಹಾಗಾದ್ರೆ ತಂದೆಯವರದ್ದು?"

"ಅವರೂ ಅಲ್ಲಿಗೇ ಹೋಗಿದಾರೆ."

ಯುವಕ ತಲೆ ಕೆರೆದುಕೊಂಡ. ಪೆನ್ನು ತೆಗೆಯಲು ಹೋದರೆ ಅವನ ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಜಿಪ್ಪಕ್ಕ ಚೀಲವನ್ನು ಎಳೆದುಕೊಂಡು, ಒಳಗೆ ಕಚ್ಚಿಕೊಂಡಿದ್ದ ಬಟ್ಟೆಯನ್ನು ಉಗುರಿನಿಂದ ಬಿಡಿಸಿ ಕೊಟ್ಟಳು. ಅವನು ಎದ್ದು ನಿಂತು ಥ್ಯಾಂಕ್ಸ್ ಹೇಳಿದ. ಸಾಲ ಮಾತ್ರ ಆಗುವುದಿಲ್ಲ ಎಂದ.

ಅಂದು ಮನೆಗೆ ಬಂದವಳು ಕೈಚೆಲ್ಲಿ ಕೂತಳು. ಊಟಕ್ಕೆ ಬಂದಿದ್ದ ಮೈದುನ ತಟ್ಟೆಯ ಮುಂದೆ ಕೂತು ಏನನ್ನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಜಿಪ್ಪಕ್ಕನೂ ಅವನ ಮುಖ ನೋಡಲಿಲ್ಲ. ಅವನಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅವನು ಪಟ್ಟಣದ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹುಡುಗಿಯೊಬ್ಬಳನ್ನು ಮೆಚ್ಚಿಕೊಂಡಿದ್ದ. ಇನ್ನೂ ಮನೆಗೆ ಕರೆತಂದಿರಲಿಲ್ಲ. ನಾಳೆ ಮದುವೆಯಾಗಿ ತನ್ನದೇ ಸಂಸಾರ ಹೂಡುವವನ ಕೊರಳಿಗೆ ಅತ್ತಿಗೆಯ ಸಾಲ ಕಟ್ಟುವುದೆಂತು? ಕೇಳಬಾರದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಗೃಹ ಸಾಲ ಸಂಘದ ಸುದ್ದಿ ತಂದವಳು ಊರಿನ ವಾಚನಾಲಯದವಳು. ಹಳ್ಳಿಗಳಲ್ಲಿ ಮನೆ ಕೊಳ್ಳುವವರಿಗೆಂದೇ ಹುಟ್ಟಿದ ಸಣ್ಣ ಸಹಕಾರ ಸಂಘವಂತೆ, ಅದರ ಅಧಿಕಾರಿಣಿ ಪ್ರತಿ ಮಂಗಳವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಕೂರುತ್ತಾಳಂತೆ. ಜಿಪ್ಪಕ್ಕ ಹೋಗಿ ನೋಡಿದರೆ, ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ಗಿಡ್ಡನೆಯ ಹೆಂಗಸೊಬ್ಬಳು ಸ್ಕೂಟರಿನ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕಡಲೆಕಾಯಿ ತಿನ್ನುತ್ತಿದ್ದಳು.

"ಸಂಬಳದ ಚೀಟಿ ಇಲ್ಲ ಮೇಡಂ" ಎಂದು ಜಿಪ್ಪಕ್ಕ ನಿಂತಲ್ಲಿಂದಲೇ ಹೇಳಿದಳು. ಕೂತು ಏಳುವ ಶ್ರಮವಾದರೂ ಉಳಿಯಲಿ ಎಂದು.

"ಅದು ಇಲ್ಲದೋರಿಗೇ ನಾವಿರೋದು, ಕೂತ್ಕೊಳ್ಳಿ" ಎಂದಳು ಮೇಡಂ. ಎಲ್ಲ ಕೇಳಿಸಿಕೊಂಡು ಅರ್ಜಿ ಬರೆದುಕೊಂಡ ಮೇಲೆ, "ಆದ್ರೆ ಬಾಯಿಮಾತಿಗೆ ಸಾಲ ಕೊಡೋಕೆ ನಾನು ನಿಮ್ಮ ನೆಂಟಳಲ್ಲ. ಗುರುವಾರ ನಿಮ್ಮ ಅಂಗಡಿಗೆ ಬಂದು ಸಾಯಂಕಾಲದವರೆಗೆ ಕೂತ್ಕೋತೀನಿ. ಕೆಲ್ಸ ಹೇಗೆ ನಡೆಯುತ್ತೆ ಅಂತ ನೋಡ್ಬೇಕು. ನೀವು ನನ್ನನ್ನ ಮಾತಾಡಿಸ್ಬೇಡಿ, ನಿಮ್ಮ ಪಾಡಿಗೆ ನೀವಿರಿ."

ಗುರುವಾರ ಮೇಡಂ ಬಂದು ಮೂಲೆಯ ಸ್ಟೂಲಿನ ಮೇಲೆ ಪೆನ್ನು ಹಿಡಿದು ಕೂತಳು. ಅಷ್ಟೇ ಸಾಕಾಯಿತು. ಜಿಪ್ಪಕ್ಕನ ಅಂಗಡಿಯಲ್ಲಿ ತೆರಿಗೆಯವರು ಬಂದು ಕೂತಿದ್ದಾರೆಂಬ ಗಾಳಿಸುದ್ದಿ ಚಹಾದಂಗಡಿಯಿಂದ ಗಿರಣಿಯವರೆಗೆ ಹಬ್ಬಿತು. ಹರಿದ ಚೀಲ ಹಿಡಿದು ಬರುತ್ತಿದ್ದವರು ದೂರದಿಂದಲೇ ನೋಡಿ, ಮೊದಲಿನಿಂದಲೂ ಬೇರೆಲ್ಲಿಗೋ ಹೊರಟವರಂತೆ ತಿರುಗಿದರು. ಟಾರ್ಪಾಲು ಹೊತ್ತು ತಂದಿದ್ದ ಒಬ್ಬನಂತೂ ಬಾಗಿಲವರೆಗೂ ಬಂದು, "ಇದು ನಂದಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿ ಹೋದ. ಜಿಪ್ಪಕ್ಕ ನೊಣ ಹೊಡೆಯುತ್ತ ಕೂತಳು. ಅತ್ತೆ ಬಾಗಿಲ ಬಳಿ ಬಂದು ನಿಂತು, "ದಿನಾ ಇಲ್ಲಿ ಕಾಲಿಡೋಕೆ ಜಾಗ ಇರಲ್ಲಮ್ಮ" ಎಂದು ಮೇಡಂಗೆ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹೇಳಿದಳು. ಎರಡನೆಯ ಸಲ ಅವಳಿಗೇ ನಂಬಿಕೆಯಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊನೆಗೂ ಒಬ್ಬ ಗಿರಾಕಿ ಬಂದ. ಬಸ್ಸಿನ ಕ್ಲೀನರ್. ಕೈಯಲ್ಲಿ ನೀಲಿ ಸೂಟ್‌ಕೇಸು.

"ಅಕ್ಕ, ಇದರ ಜಿಪ್ಪು ಹೋಗಿದೆ."

ಜಿಪ್ಪಕ್ಕ ಎಳೆದು ನೋಡಿದಳು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. "ಏನೂ ಆಗಿಲ್ಲಪ್ಪ. ತಗೊಂಡು ಹೋಗು."

"ಆದ್ರೂ ಒಂದು ಹೊಲಿಗೆ ಹಾಕಿ. ದುಡ್ಡು ಕೊಡ್ತೀನಿ."

"ಹೊಲಿಗೆ ಹಾಕಿದ್ರೆ ಬಾಯಿ ತೆಗೆಯೋಕೆ ಬರಲ್ಲ ಕಣೋ. ನಡಿ."

ಅವನು ಮೇಡಂ ಕಡೆ ಕಳ್ಳನೋಟ ಬೀರಿ ಹೋದ. ಸ್ವಲ್ಪ ಹೊತ್ತಿಗೆ ಕ್ಷೌರಿಕ ಬಂದ. ಅವನ ಕೈಯಲ್ಲೂ ನೀಲಿ ಸೂಟ್‌ಕೇಸು. ಇದರ ಚಕ್ರ ತಿರುಗುತ್ತಿಲ್ಲ ಎಂದ. ಜಿಪ್ಪಕ್ಕ ಬೆರಳಿನಿಂದ ತಳ್ಳಿದಳು, ಚಕ್ರ ಗಿರ್ರನೆ ತಿರುಗಿತು. ಅವನು ಕತ್ತರಿ ಹಿಡಿಯುವ ಕೈಯಲ್ಲಿ ನೋಟು ಹಿಡಿದುಕೊಂಡು, ತಗೊಳ್ಳಿ ತಗೊಳ್ಳಿ ಎಂದು ಒತ್ತಾಯ ಮಾಡಿದ. "ಕೆಲ್ಸ ಮಾಡ್ದೆ ದುಡ್ಡು ಯಾಕೆ ತಗೊಳ್ಳಲಿ?" ಎಂದು ಅವನನ್ನೂ ಕಳಿಸಿದಳು. ಅವಳಿಗೆ ಏನೋ ಸಂಶಯ ಮೂಡತೊಡಗಿತ್ತು. ಇಷ್ಟರಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ಒಳಗೆ ಬಂದು, ತಂದ ಸಾಮಾನನ್ನು ಮೇಜಿನ ಮೇಲಿಟ್ಟಳು. ಅದೇ ನೀಲಿ. ಅದೇ ಚಕ್ರ.

"ಇದರ ಹಿಡಿ..." ಎಂದಳು ಹುಡುಗಿ.

ಮೂಲೆಯಲ್ಲಿದ್ದ ಮೇಡಂ ಅಂದು ಮೊದಲ ಬಾರಿಗೆ ಬಾಯಿ ತೆರೆದಳು. "ಈ ಸೂಟ್‌ಕೇಸಿಗೆ ನಿಮ್ಮ ಅಂಗಡಿ ಅಂದ್ರೆ ಬಹಳ ಪ್ರೀತಿ ಅಂತ ಕಾಣುತ್ತೆ."

ಜಿಪ್ಪಕ್ಕ ಎದ್ದಳು. ಹೊರಗೆ ನೋಡಿದಳು. ನಿಂತ ಬಸ್ಸಿನ ಹಿಂದಿನಿಂದ ಮೈದುನನ ತಲೆ ಇಣುಕಿ, ಅವಳ ಕಣ್ಣಿಗೆ ಬಿದ್ದೊಡನೆ ಮಾಯವಾಯಿತು.

"ಮೇಡಂ, ಇದು ನನ್ನ ಮೈದುನನ ಕಿತಾಪತಿ" ಎಂದಳು, ಮುಖ ಕೆಂಪಾಗಿ. "ಗಿರಾಕಿಗಳು ಬರ್ತಿಲ್ಲ ಅಂತ ಅವನೇ ಜನ ಕಳಿಸ್ತಿದಾನೆ. ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಇಲ್ಲದಿದ್ರೂ ನನ್ನ ಮನೆಯವನೇ. ನಿಮ್ಮ ದಿನ ಹಾಳಾಯ್ತು. ಸಾಲದ ಮಾತು ಇಲ್ಲಿಗೇ ಬಿಟ್ಬಿಡೋಣ."

ಮೇಡಂ ಪೆನ್ನಿನ ಮುಚ್ಚಳ ಹಾಕಿದಳು. "ನಾನು ನೋಡ್ತಾ ಇದ್ದಾಗ್ಲೇ ಬಂದ ದುಡ್ಡನ್ನ ವಾಪಸ್ ಕಳಿಸಿದೋರು ಇವತ್ತಿನವರೆಗೆ ನನಗೆ ಸಿಕ್ಕಿರ್ಲಿಲ್ಲ. ಅದಿರಲಿ. ಮೈದುನ ಏನು ಮಾಡ್ತಾರೆ?"

"ಬಸ್ ಡ್ರೈವರ್."

"ಸಂಬಳದ ಕೆಲಸ?"

"ಹೌದು."

"ಒಂದೇ ಮನೇಲಿ ಇದೀರಿ. ಅರ್ಜೀಲಿ ಅವರ ಹೆಸರೇ ಇಲ್ವಲ್ಲ?"

ಜಿಪ್ಪಕ್ಕ ಮೇಜಿನ ಮೇಲಿದ್ದ ದಾರದ ಚೂರುಗಳನ್ನು ಒಟ್ಟುಮಾಡತೊಡಗಿದಳು. "ಅವನು ಮದುವೆ ಆಗೋ ಹುಡುಗ ಮೇಡಂ. ಹುಡುಗಿಗೂ ಆಸೆಗಳಿರ್ತಾವೆ. ನಮ್ಮ ಭಾರ ಅವನ ಮೇಲೆ ಯಾಕೆ ಹಾಕೋದು?"

"ಅವರನ್ನ ಕೇಳಿದ್ರಾ?"

"ಇಲ್ಲ."

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಹೊಸ್ತಿಲು ದಾಟಿ ಬೀದಿಗೇ ಬಂದು, "ಬಾರೋ ಇಲ್ಲಿ, ಬಸ್ಸಿನ ಹಿಂದೆ ಏನು ಮೊಟ್ಟೆ ಇಡ್ತಿದೀಯ?" ಎಂದು ಕೂಗಿದಳು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೈದುನ ಟೋಪಿ ಕೈಯಲ್ಲಿ ಹಿಡಿದು ಬಂದು ಅತ್ತಿಗೆಯ ಎದುರು ತಲೆ ತಗ್ಗಿಸಿ ನಿಂತ.

"ಏನೋ ಇದು?"

"ನೀವು ಬ್ಯಾಂಕಿಂದ ಬ್ಯಾಂಕಿಗೆ ಅಲೀತಾ ಇದ್ರಿ. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ನಾನಾಗೇ ಹೇಳೋಣ ಅಂದ್ರೆ ನೀವು ಬೇಡ ಅಂತೀರ, ಬೇಡ ಅಂದ ಮೇಲೆ ಮುಗೀತು. ಅದಕ್ಕೆ ಹೀಗೆ ಮಾಡ್ದೆ ಅತ್ತಿಗೆ."

"ನಿನ್ನ ಹೆಂಡ್ತಿಯಾಗೋಳು ಏನಂದ್ಕೋತಾಳೆ ಅಂತ ಯೋಚ್ನೆ ಮಾಡ್ದೆ ಕಣೋ."

ಮೇಜಿನ ಪಕ್ಕದಲ್ಲಿ ಸೂಟ್‌ಕೇಸಿನ ಹಿಡಿಯನ್ನು ಇನ್ನೂ ಬಿಡದೆ ನಿಂತಿದ್ದ ಹುಡುಗಿ ಮೆಲ್ಲಗೆ ಕೆಮ್ಮಿದಳು.

"ನಾನೇನೂ ಅಂದ್ಕೊಂಡಿಲ್ಲ ಅಕ್ಕ" ಎಂದಳು. "ಸೂಟ್‌ಕೇಸ್ ನಂದೇ."

ಯಾರಿಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಅತ್ತೆಗೆ. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮನೆಗೆ ಮೊದಲನೇ ಸಲ ಬರೋಳು ಪೆಟ್ಟಿಗೆ ಸಮೇತ ಬಂದಿದೀಯಲ್ಲಮ್ಮ" ಎಂದಳು. ಹುಡುಗಿ ನಾಚಿ ನೀರಾದಳು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು, ನಗು ನಿಲ್ಲಲಿಲ್ಲ. ಕೊನೆಗೆ ಜಿಪ್ಪಕ್ಕನೂ ನಕ್ಕಳು; ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮದುವೆ ಆದ್ಮೇಲೆ ಎಲ್ಲರೂ ಒಟ್ಟಿಗೇ ಇರೋಣ ಅಂತ ನಾವಿಬ್ರೂ ಯಾವತ್ತೋ ಮಾತಾಡ್ಕೊಂಡಿದೀವಿ" ಎಂದಳು ಹುಡುಗಿ. "ನಿಮಗೆ ಹೇಳೋ ಧೈರ್ಯ ಇವರಿಗೆ ಬಂದಿರ್ಲಿಲ್ಲ. ಬಸ್ ಓಡಿಸೋಕೆ ಮಾತ್ರ ಧೈರ್ಯ."

ಮೈದುನನ ಹೆಸರನ್ನು ಆಗಲೇ ಅರ್ಜಿಗೆ ಸೇರಿಸಿದರು. ಆದರೆ ಮೇಡಂ ಅಷ್ಟಕ್ಕೇ ಬಿಡುವವಳಲ್ಲ. ಅಂಗಡಿಯ ದುಡಿಮೆಯನ್ನು ತಾನು ಕಂಡಿಲ್ಲ, ಮತ್ತೊಮ್ಮೆ ಬರುತ್ತೇನೆ, ಯಾವಾಗ ಎಂದು ಹೇಳುವುದಿಲ್ಲ ಎಂದಳು. ಹಾಗೆಯೇ ಒಂದು ಸೋಮವಾರ ಹೇಳದೆ ಕೇಳದೆ ಬಂದರೆ ಅಂಗಡಿ ತುಂಬ ಜನ. ತೆರಿಗೆಯ ಗಾಳಿಸುದ್ದಿ ಅಷ್ಟರಲ್ಲಿ ಸತ್ತಿತ್ತು. ಶಾಲೆ ಶುರುವಾಗುವ ಕಾಲ; ಮಕ್ಕಳ ಚೀಲಗಳು ಬಾಗಿಲವರೆಗೆ ರಾಶಿ ಬಿದ್ದಿದ್ದವು. ಕೂರಲು ಸ್ಟೂಲೂ ಖಾಲಿಯಿರಲಿಲ್ಲ. ಜಿಪ್ಪಕ್ಕ ತಲೆಯೆತ್ತದೆ, "ಆ ತುದಿ ಸ್ವಲ್ಪ ಹಿಡ್ಕೊಳ್ಳಿ" ಎಂದು ಟಾರ್ಪಾಲಿನ ಅಂಚನ್ನು ಪಕ್ಕದವರ ಕೈಗೆ ತುರುಕಿ ಹೊಲಿಗೆ ಓಡಿಸಿದಳು. ಹೊಲಿಗೆ ಮುಗಿದ ಮೇಲೆ ನೋಡಿದರೆ ತುದಿ ಹಿಡಿದು ನಿಂತಿದ್ದವಳು ಮೇಡಂ.

"ಅಯ್ಯೋ, ನೀವಾ ಮೇಡಂ?"

"ಪರವಾಗಿಲ್ಲ, ಇನ್ನೊಂದು ಕಡೆನೂ ಹಿಡೀಲಾ?"

ಬಸ್ಸಿನ ಸೀಟುಗಳನ್ನು ವರ್ಷಗಳಿಂದ ಜಿಪ್ಪಕ್ಕನ ಕೈಯಲ್ಲಿ ಹೊಲಿಸುತ್ತಿದ್ದ ಡಿಪೋದವರನ್ನು ಮೇಡಂ ಹೋಗಿ ಮಾತಾಡಿಸಿದಳು. ಫೋಟೋದಣ್ಣನನ್ನು ಸಂಘದ ಸಭೆಗೇ ಕರೆಸಿದಳು. ಬಾಡಿಗೆ ತಪ್ಪಿದ್ದುಂಟೇ ಎಂದು ಸಭೆಯವರು ಕೇಳಿದಾಗ ಅವನು, "ಒಂದು ಸಲ ನಾನೇ ಇಸ್ಕೊಳ್ಳೋಕೆ ಬರೋದು ಮರೆತಿದ್ದೆ, ಬಸ್ ಹತ್ತಿ ಬಂದು ಕೊಟ್ಟು ಹೋದ್ರು. ಬಸ್ ಚಾರ್ಜು ಬೇರೆ ದಂಡ" ಎಂದನಂತೆ. ಸಭೆಯಲ್ಲಿ ಒಬ್ಬ ಹಿರಿಯರಿಗೆ ಮಾತ್ರ ಅಡುಗೆಮನೆಯ ಗೋಡೆಯ ಬಿರುಕು ಸರಿಬರಲಿಲ್ಲ. ಅದನ್ನು ರಿಪೇರಿ ಮಾಡಿಸುವ ಖರ್ಚೂ ಸಾಲದಲ್ಲೇ ಸೇರಲಿ ಎಂದು ಮೇಡಂ ವಾದ ಮಾಡಿ ಗೆದ್ದಳು. ತಿಂಗಳ ಕಂತು ಬಾಡಿಗೆಗಿಂತ ತುಸುವೇ ಹೆಚ್ಚು. ಇಬ್ಬರ ದುಡಿಮೆಗೆ ಅದು ಭಾರವಲ್ಲ. ಫೋಟೋದಣ್ಣ ಕೊಟ್ಟ ಗಡುವು ಮುಗಿಯುವ ಮೊದಲೇ ಸಾಲ ಮಂಜೂರಾಯಿತು. ಸಿಮೆಂಟ್ ವ್ಯಾಪಾರಿ ಬೇರೆ ಕಡೆ ಜಾಗ ನೋಡಿಕೊಂಡ.

ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಬಂದ ದಿನ ಜಿಪ್ಪಕ್ಕ ಅಂಗಡಿ ತೆರೆಯಲಿಲ್ಲ. ಮನೆಯೊಳಗೆ ಸುಮ್ಮನೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಿದಳು. ನೂರಾರು ಸಲ ಗುಡಿಸಿದ್ದ ನೆಲವೇ. ಆದರೂ ಇಂದು ಒಂದು ಮೂಲೆ ಇಷ್ಟು ಸೊಟ್ಟಗಿದೆ ಎಂದು ಮೊದಲ ಬಾರಿಗೆ ಕಂಡಿತು, ಸೊಟ್ಟಗಿದ್ದರೂ ಚೆನ್ನಾಗಿದೆ ಅನಿಸಿತು.

ಬಿರುಕು ಮುಚ್ಚಲು ಗಾರೆಯವನು ಬಂದ. ಅವನು ಕೆಲಸ ಶುರು ಮಾಡುವ ಮೊದಲೇ ಅತ್ತೆ ಅವನನ್ನು ತನ್ನ ಕೋಣೆಗೆ ಕರೆದೊಯ್ದು, ಮಂಚದ ಪಕ್ಕದ ಗೋಡೆಯನ್ನು ತೋರಿಸಿದಳು.

"ಇಲ್ಲೊಂದು ಕಿಟಕಿ ಒಡಿ. ಬೀದಿ ಕಾಣ್ಬೇಕು."

ಗಾರೆಯವನು ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ ನೋಡಿದ. "ಒಡೀಬಹುದು ಅಜ್ಜಿ. ಆದ್ರೆ ಓನರನ್ನ ಕೇಳ್ದೆ ನಾನು ಗೋಡೆಗೆ ಕೈ ಹಚ್ಚಲ್ಲ. ಅವರನ್ನ ಕರೀರಿ."

ಅತ್ತೆ ಬಾಗಿಲ ಕಡೆ ತಿರುಗಿದಳು. ಸಿಟ್ಟಿಲ್ಲದಿದ್ದರೂ ಅಂದು ಸೊಸೆಯನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದಲೇ ಕರೆದಳು. ಜಿಪ್ಪಕ್ಕ ಕೈಯಲ್ಲಿ ಲೋಟ ಹಿಡಿದು ಬಂದಳು.

"ಏನತ್ತೆ?"

"ಓನರ್ ಬೇಕಂತೆ ಇವನಿಗೆ."

ಜಿಪ್ಪಕ್ಕ ಗೋಡೆ ನೋಡಿದಳು, ಗಾರೆಯವನನ್ನು ನೋಡಿದಳು. "ಎಷ್ಟು ದೊಡ್ಡ ಕಿಟಕಿ ಅತ್ತೆ?"

ಅತ್ತೆ ಎರಡೂ ಕೈ ಅಗಲಿಸಿ ತೋರಿಸಿದಳು. ಜಿಪ್ಪಕ್ಕ ಆ ಕೈಗಳನ್ನು ಹಿಡಿದು ಇನ್ನೂ ಸ್ವಲ್ಪ ಅಗಲಿಸಿ, "ಇಷ್ಟು ಮಾಡಪ್ಪ" ಎಂದಳು.