ಪರಸ್ತಾನದ ಪೆಟ್ಟಿಗೆ

ಗಂಡ ಶಂಕರಪ್ಪನಿಗೆ ಬಾಂಬಿಗಿಂತ ರಾಹುಕಾಲದ ಭಯ ಹೆಚ್ಚು ಎಂಬುದು ಸುಶೀಲಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡುವ ಸಂದರ್ಭ ಮಾತ್ರ ಬಂದಿರಲಿಲ್ಲ. ಅದು ಬಂದದ್ದು 2006ರಲ್ಲಿ, ತಮಿಳು ಲೆಕ್ಕದ ಆಡಿ ತಿಂಗಳು ಕಳೆದು ಶುಭಕಾರ್ಯದ ಆವಣಿ ಹುಟ್ಟಿದ ಮೊದಲ ಶುಕ್ರವಾರ. ಅವತ್ತು ಸಂಜೆ ಮುಂಬೈಯಲ್ಲಿ ಮಗಳು ತೆನ್ಮೊಳಿಯ ನಿಶ್ಚಿತಾರ್ಥ.

ತೆನ್ಮೊಳಿ ಮುಂಬೈಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಹಿಂದೆ ಬಂದ ಎರಡು ಒಳ್ಳೆಯ ಸಂಬಂಧಗಳನ್ನು ಜಾತಕದ ಮೂಲೆಯಲ್ಲಿ ಏನೋ ಕಂಡು ಶಂಕರಪ್ಪನೇ ಮುರಿದಿದ್ದ. ಈ ಹುಡುಗ ಹಡಗಿನಲ್ಲಿ ಕೆಲಸದವನು, ಮರುದಿನ ಬೆಳಿಗ್ಗೆ ಹಡಗು ಹತ್ತಿದರೆ ಮುಂದಿನ ವರ್ಷವೇ ನೆಲ ಕಾಣುವುದು. ಆದ್ದರಿಂದ ಅಂದು ಸಂಜೆ ಎಂಟರೊಳಗೆ ತಾಂಬೂಲ ಬದಲಾಯಿಸಲೇಬೇಕು. ಇದೂ ತಪ್ಪಿದರೆ ಮಗಳು ಇನ್ನು ಮದುವೆಯ ಮಾತೇ ಎತ್ತಬೇಡಿ ಎನ್ನುತ್ತಾಳೆ, ಹಾಗೆ ಅಂದರೆ ತಪ್ಪೂ ಅಲ್ಲ ಎಂಬ ಚಿಂತೆ ಸುಶೀಲಮ್ಮನದು.

ಬೆಳಿಗ್ಗೆಯೇ ಹೊರಟುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಶಂಕರಪ್ಪ ತಿರುಪ್ಪೂರಿನ ದೊಡ್ಡ ಮನುಷ್ಯ, ಬನಿಯನ್ ಕಂಪನಿಯ ಒಡೆಯ, ಜನರ ಬಾಯಲ್ಲಿ ಮುದಲಾಳಿ. ಶಾಲೆಯೊಂದರಲ್ಲಿ ಮಕ್ಕಳಿಗೆ ಬಹುಮಾನ ಹಂಚಲು ಕರೆದಿದ್ದರು. ಹಾರ ಹಾಕುತ್ತಾರೆಂದರೆ ಅವನ ಕುತ್ತಿಗೆ ತಾನಾಗಿಯೇ ಮುಂದೆ ಬರುತ್ತದೆ. ಹಾರ ಹಾಕಿಸಿಕೊಂಡು ಭಾಷಣ ಬಿಗಿದು ಮುಗಿಸುವಷ್ಟರಲ್ಲಿ ಹತ್ತೂವರೆ ದಾಟುತ್ತದೆ, ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅದಕ್ಕೆ ಅವನ ಬಳಿ ಮದ್ದಿತ್ತು: ಪರಸ್ತಾನ. ಮನುಷ್ಯ ಶುಭ ಗಳಿಗೆಯಲ್ಲಿ ಹೊರಡಲಾಗದಿದ್ದರೆ ಅವನ ಪೆಟ್ಟಿಗೆಯನ್ನು ಆ ಗಳಿಗೆಯಲ್ಲಿ ಮೊದಲೇ ಹೊರಡಿಸಿ, ಹೋಗುವ ದಿಕ್ಕಿನಲ್ಲಿ ಎಲ್ಲಾದರೂ ಇಡಿಸುವುದು. ಪೆಟ್ಟಿಗೆ ಹೊರಟರೆ ಯಜಮಾನ ಹೊರಟಂತೆಯೇ ಲೆಕ್ಕ. ರಾಹು ಕೇತುಗಳು ಇಷ್ಟು ಸುಲಭವಾಗಿ ಮೋಸ ಹೋಗುತ್ತಾರೆಂದರೆ ಅವರಿಗೆ ಅಷ್ಟೊಂದು ಹೆದರುವುದೇಕೆ ಎಂದು ಸುಶೀಲಮ್ಮ ಒಮ್ಮೆ ಕೇಳಿ, ಎರಡು ದಿನ ಬೈಸಿಕೊಂಡಿದ್ದರು.

ರೈಲಿನಲ್ಲಿ ಹೋಗುವಾಗ ಪೆಟ್ಟಿಗೆಯನ್ನು ಪೋತ್ತನೂರಿನಲ್ಲಿ ಸ್ಟೇಷನ್ ಪಕ್ಕದ ಗೆಳೆಯನ ಮನೆಯಲ್ಲಿ ಇಡಿಸುವುದು ರೂಢಿ. ಈಗ ಹೋಗುವುದು ವಿಮಾನದಲ್ಲಿ. ಆದ್ದರಿಂದ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲೇ ಇಡಬೇಕು ಎಂದು ಶಂಕರಪ್ಪ ತೀರ್ಮಾನಿಸಿದ. ಡ್ರೈವರ್ ಮೈಲ್‌ಸಾಮಿ ಬೆಳಿಗ್ಗೆಯೇ ಹೋಗಿ ಅದನ್ನು ಹೊರಗಿನ ಕಂಬದ ಬುಡದಲ್ಲಿ ಇಟ್ಟು ಬಂದ. ಇಟ್ಟವನು ಕಾವಲು ನಿಲ್ಲಬಾರದು, ತಿರುಗಿ ನೋಡಲೂ ಬಾರದು, ಅದು ಪರಸ್ತಾನದ ನಿಯಮ. ಕಂದು ಸೂಟ್‌ಕೇಸು, ನಾಲ್ಕು ಮೂಲೆಗೆ ಅರಿಶಿನ, ಹಿಡಿಗೆ ಹಳದಿ ದಾರದಲ್ಲಿ ಕಟ್ಟಿದ ನಿಂಬೆಹಣ್ಣು. ಒಳಗೆ ತಾಂಬೂಲದ ಸಾಮಾನು, ಆನೈಮಲೈ ತೋಟದ ತೆಂಗಿನಕಾಯಿ, ಅಳಿಯನಿಗೆ ಪಟ್ಟೆ ಪಂಚೆ, ಮಗಳು ಉಡಬೇಕಾದ ಸೀರೆ. ಸಿರುಮುಗೈ ನೇಕಾರರ ಮನೆಯಲ್ಲಿ ಮಗ್ಗದ ಎದುರು ಕೂತು ಸುಶೀಲಮ್ಮ ನೇಯಿಸಿದ ಸೀರೆ ಅದು. ಉಂಗುರ ಮಾತ್ರ ಅವರ ಕೈಚೀಲದಲ್ಲಿತ್ತು. ಶುಭ ಗಳಿಗೆಯ ಮೇಲೆ ಅಷ್ಟು ನಂಬಿಕೆ ಶಂಕರಪ್ಪನಿಗೂ ಇರಲಿಲ್ಲ.

ಲಂಡನ್ನಿನಲ್ಲಿ ಯಾರೋ ವಿಮಾನ ಸಿಡಿಸಲು ಹೊಂಚು ಹಾಕಿದ್ದು ಬಯಲಾಗಿ ಆಗ ಒಂದೆರಡು ವಾರವಷ್ಟೇ. ಎಲ್ಲ ಕಡೆ ನೀರಿನ ಬಾಟಲಿಯನ್ನೂ ಅನುಮಾನದಿಂದ ನೋಡುತ್ತಿದ್ದ ಕಾಲ. ಗಂಡ ಹೆಂಡತಿ ಬಂದು ಇಳಿದಾಗ ನಿಲ್ದಾಣದ ಬಾಗಿಲು ಮುಚ್ಚಿತ್ತು, ಹಗ್ಗ ಎಳೆದಿದ್ದರು, ಒಳಗಿದ್ದವರನ್ನೆಲ್ಲ ಹೊರಗೆ ಅಟ್ಟಿದ್ದರು. ಬಿಸಿಲಿನಲ್ಲಿ ಜನವೋ ಜನ. ಚೆನ್ನೈಗೆ ಆಪರೇಷನ್ನಿಗೆ ಹೊರಟಿದ್ದ ಒಬ್ಬ ಮುದುಕರನ್ನು ಸಾಮಾನಿನ ಗಾಡಿಯ ಮೇಲೆಯೇ ಕೂರಿಸಿದ್ದರು. ಟೈ ಕಟ್ಟಿದವರು ಟೈ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದರು. ಯಾರೋ ಬ್ಯಾಗ್ ಬಿಟ್ಟು ಹೋಗಿದ್ದಾರಂತೆ, ಒಳಗೆ ಬಾಂಬಂತೆ, ಟಿಕ್ ಟಿಕ್ ಅನ್ನುತ್ತಿದೆಯಂತೆ. ಟಿಕ್ ಟಿಕ್ ಸದ್ದನ್ನು ತಾವೇ ಕೇಳಿದ್ದಾಗಿ ಹೇಳುವವರು ಆಗಲೇ ನಾಲ್ಕೈದು ಮಂದಿ ಸೇರಿದ್ದರು.

ಲೋಕಲ್ ಚಾನೆಲ್ಲಿನವನು ಮೈಕು ಹಿಡಿದು ಬಂದ. ಶಂಕರಪ್ಪನ ಬಿಳಿ ಅಂಗಿ, ಹಣೆಯ ಕುಂಕುಮ ನೋಡಿ ಅವನ ಮುಂದೆಯೇ ನಿಂತ. ಬೆಳಗಿನ ಭಾಷಣದ ಬಿಸಿ ಇನ್ನೂ ಆರಿರಲಿಲ್ಲ.

"ಇಂಥ ಬೇಜವಾಬ್ದಾರಿ ಜನರನ್ನು ಹಿಡಿದು, ಇದೇ ಬಾಗಿಲ ಮುಂದೆ ನಿಲ್ಲಿಸಿ ಚಪ್ಪಲಿಯಲ್ಲಿ ಹೊಡೀಬೇಕು," ಎಂದ ತಮಿಳಿನಲ್ಲಿ. "ಬ್ಯಾಗ್ ಇಟ್ಟವನಿಗೆ ಅಪ್ಪ ಅಮ್ಮ ಬುದ್ಧಿ ಕಲಿಸಿಲ್ವಾ? ಅವನು ಮನುಷ್ಯನೇ ಅಲ್ಲ!"

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಶಂಕರಪ್ಪ ಮತ್ತೊಮ್ಮೆ ಹೇಳಲೂ ತಯಾರಿದ್ದ.

ಗೋಡೆಯ ನೆರಳಿನಲ್ಲಿ ಜಾಗ ಮಾಡಿಕೊಟ್ಟು ಸುಶೀಲಮ್ಮನನ್ನು ಕೂರಿಸಿದ್ದು ಒಬ್ಬ ಹುಡುಗಿ. ಗಂಡ ಹೆಂಡತಿಯ ಮಾತು ಕಿವಿಗೆ ಬಿದ್ದು, "ಆಂಟಿ, ನೀವು ಕನ್ನಡದೋರಾ?" ಎಂದು ಅರಳಿದಳು. ದಾವಣಗೆರೆಯವಳು, ಇಲ್ಲಿನ ಪಂಪು ಕಂಪನಿಯಲ್ಲಿ ಎಂಜಿನಿಯರು, ಪಂಪುಗಳ ಪ್ರದರ್ಶನವೊಂದಕ್ಕೆ ಅದೇ ಮುಂಬೈ ವಿಮಾನಕ್ಕೆ ಹೊರಟವಳು.

"ಕನ್ನಡದೋರೇ. ಆದ್ರೆ ಓದಕ್ಕೆ ಬರಲ್ಲ ಕಣ್ಣು," ಎಂದರು ಸುಶೀಲಮ್ಮ, ಮಕ್ಕಳನ್ನು ಕರೆಯುವ ತಮಿಳು ಅಕ್ಕರೆಯಲ್ಲಿ. "ಮನೆ ಒಳಗೆ ಮಾತ್ರ ಪೇಸೋದು." ತಮಿಳು ನೆಲದಲ್ಲೇ ಬೆಳೆದ ಅವರ ಕನ್ನಡದಲ್ಲಿ ಮಾತಾಡುವುದೂ 'ಪೇಸುವುದು' ಆಗಿತ್ತು.

ಹುಡುಗಿ ನಕ್ಕು ತನ್ನ ಬಿಸ್ಕತ್ತಿನ ಪೊಟ್ಟಣ ಬಿಡಿಸಿ ಕೊಟ್ಟಳು. ಶಂಕರಪ್ಪನೂ ಒಂದು ತಿಂದ. "ಹೆಸರೇನಮ್ಮಾ?" ಎಂದು ಕೇಳಿ, "ಹಿನಾ, ಅಂಕಲ್" ಎಂಬ ಉತ್ತರ ಬಂದ ಮೇಲೆ ಎರಡನೆಯ ಬಿಸ್ಕತ್ತಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಸುಶೀಲಮ್ಮ ಅದನ್ನು ನೋಡಿದರು. ನಾಚಿಕೆಯಾಗಿ ತಾವು ಎರಡು ತಿಂದರು.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಲೋಗನಾಥನ್ ಧ್ವನಿವರ್ಧಕ ಹಿಡಿದು ಮುಂದೆ ಬಂದ. "ಎಲ್ಲರೂ ಕೇಳಿಸಿಕೊಳ್ಳಿ. ಕಂದು ಸೂಟ್‌ಕೇಸು, ಮೂಲೆಗಳಲ್ಲಿ ಹಳದಿ ಪುಡಿ, ಹಿಡಿಯಲ್ಲಿ ದಾರ ಸುತ್ತಿದ ಉಂಡೆಯಂಥ ವಸ್ತು. ಯಾರದಾದರೂ ಇದ್ದರೆ ಈಗಲೇ ಹೇಳಿ. ಇಲ್ಲದಿದ್ದರೆ ಬಾಂಬ್ ದಳದವರು ಅದನ್ನು ಸಿಡಿಸುತ್ತಾರೆ. ಆಮೇಲೆ ಇಡೀ ಕಟ್ಟಡ ಶೋಧಿಸಬೇಕು. ಇವತ್ತು ಒಂದು ವಿಮಾನವೂ ಹಾರುವುದಿಲ್ಲ."

ಸುಶೀಲಮ್ಮ ಗಂಡನನ್ನು ನೋಡಿದರು. ಅವನ ಕುಂಕುಮ ಬೆವರಿನಲ್ಲಿ ಇಳಿದು ಮೂಗಿನವರೆಗೆ ಬಂದಿತ್ತು.

"ಏನುಂಗ, ಅದು ನಮ್ಮ ಪೆಟ್ಟಿ," ಎಂದರು ಮೆಲ್ಲಗೆ.

"ಬಾಯಿ ಮುಚ್ಚು."

"ಸಿಡಿಸ್ತಾರಂತೆ."

"ಸಿಡಿಸಲಿ. ಸೀರೆ ಪೋದ್ರೆ ಇನ್ನೊಂದು ವಾಂಗಬಹುದು. ಟಿ.ವಿ.ಲಿ ಅಷ್ಟು ಪೇಸಿಬಿಟ್ಟು ಈಗ ನಮ್ಮದು ಅಂದ್ರೆ ತಿರುಪ್ಪೂರಲ್ಲಿ ತಲೆ ಎತ್ತಕ್ಕಾಗ್ತದಾ?"

"ವಿಮಾನ ಹೋಗಲ್ಲಂತೆ. ನಮ್ಮ ತೆನ್ಮೊಳಿಗೆ ಇವತ್ತು..."

"ನಿಶ್ಚಯ ಮುಂದಿನ ವರ್ಷ ಮಾಡಿಕೊಳ್ಳೋಣ. ಈ ವರ್ಷ ಗುರುಬಲಾನೂ ಅಷ್ಟಕ್ಕಷ್ಟೆ."

ಗುರುಬಲ! ಹೋದ ವಾರ ತಾನೇ ಜೋಯಿಸರ ಮುಂದೆ ಕೂತು ಗುರುಬಲ ಬಂಗಾರದಂತಿದೆ ಎಂದು ತಲೆಯಾಡಿಸಿದವನು ಇವನೇ. ಸುಶೀಲಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಗಂಡನ ಮರ್ಯಾದೆ ಕಾಯುವುದು ಅವರಿಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು, ನಿಲ್ಲಿಸುವುದು ಹೇಗೆಂದು ಹೊಳೆಯಲಿಲ್ಲ.

ಲೋಗನಾಥನ್ ಜನರ ನಡುವೆ ವಿಚಾರಿಸುತ್ತ ಬಂದ. ಬೆಳಿಗ್ಗೆ ಆ ಕಂಬದ ಹತ್ತಿರ ಯಾರನ್ನಾದರೂ ಕಂಡಿರಾ? ಶಂಕರಪ್ಪನ ಕಣ್ಣು ದೂರದಲ್ಲಿ ಕಾರಿಗೆ ಒರಗಿ ನಿಂತ ಮೈಲ್‌ಸಾಮಿಯತ್ತ ಹೋಯಿತು. ಇವನನ್ನು ಯಾರಾದರೂ ಗುರುತು ಹಿಡಿದರೆ ಎಂಬ ದಿಗಿಲು ಹುಟ್ಟಿತು. ದಿಗಿಲು ಬಿದ್ದ ದೊಡ್ಡ ಮನುಷ್ಯ ತನಗಿಂತ ಚಿಕ್ಕವರನ್ನು ಹುಡುಕುತ್ತಾನೆ. ಶಂಕರಪ್ಪ ಗಂಟಲು ಸರಿಮಾಡಿಕೊಂಡು ಹಿನಾಳತ್ತ ಗದ್ದ ಎತ್ತಿ ತೋರಿಸಿದ.

"ಆ ಹುಡುಗಿ ಕಂಬದ ಹತ್ತಿರ ಸುಳಿದಾಡುತ್ತಿದ್ದಳು ಸಾರ್. ಹೆಸರು ಕೇಳಿ, ನಿಮಗೇ ತಿಳಿಯುತ್ತೆ."

ಇಬ್ಬರು ಹೆಂಗಸು ಪೊಲೀಸರು ಹಿನಾಳ ತೋಳು ಹಿಡಿದು ಎಬ್ಬಿಸಿದರು. ಬಿಸ್ಕತ್ತು ಚೆಲ್ಲಿತು. ಪಕ್ಕದಲ್ಲಿ ಕೂತಿದ್ದವರೆಲ್ಲ ಎದ್ದು ದೂರ ಸರಿದರು. ಟಿಕ್ ಟಿಕ್ ಕೇಳಿದ್ದವರು ಈಗ ಇವಳನ್ನೇ ಕಂಬದ ಹತ್ತಿರ ಕಂಡವರಾದರು. ಹುಡುಗಿ ತಮಿಳು ತಪ್ಪುತ್ತ, ಇಂಗ್ಲಿಷ್ ಮರೆಯುತ್ತ, ಕಡೆಗೆ ಕನ್ನಡದಲ್ಲೇ, "ಆಂಟಿ, ನಾನು ನಿಮ್ ಜೊತೇನೇ ಇದ್ನಲ್ಲಾ, ಹೇಳಿ!" ಎಂದು ಕೂಗಿದಳು.

ಸುಶೀಲಮ್ಮ ಎದ್ದರು. ಶಂಕರಪ್ಪ ಸೆರಗು ಹಿಡಿದೆಳೆದ. ಸೆರಗನ್ನು ಬಿಡಿಸಿಕೊಂಡು ಹಗ್ಗದವರೆಗೆ ನಡೆದು ಹೋದರು.

"ಅವಳನ್ನ ಬಿಡಿ. ಆ ಪೆಟ್ಟಿ ನಂದು," ಎಂದರು ಗಟ್ಟಿಯಾಗಿ, ಬೀದಿಯ ತಮಿಳಿನಲ್ಲಿ. "ಅದರಲ್ಲಿ ಇರೋದು ಬಾಂಬಲ್ಲ, ನನ್ನ ಮಗಳ ನಿಶ್ಚಯದ ಸೀರೆ."

ಕ್ಯಾಮರಾ ಅವರತ್ತ ತಿರುಗಿತು. ಜನ ಹೋ ಎಂದಿತು. ಲೋಗನಾಥನ್ ಸುತ್ತ ನೋಡಿ, "ಈ ಅಮ್ಮನ ಕಡೆಯವರು ಯಾರು?" ಎಂದು ಕೇಳಿದ. ಶಂಕರಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ಲೋಗನಾಥನ್ ಅವನತ್ತ ತಿರುಗಿದ. "ನೀವು ಪಕ್ಕದಲ್ಲಿದ್ದಿರಲ್ಲ, ಇವರು ಗೊತ್ತಾ?"

"ನನಗಾ? ಗೊತ್ತಿಲ್ಲ ಸಾರ್. ಯಾರೋ, ಪಾಪ," ಎಂದ ಶಂಕರಪ್ಪ, ಕ್ಯಾಮರಾಕ್ಕೂ ಕೇಳಿಸುವಂತೆ.

ಸುಶೀಲಮ್ಮ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಸುಟ್ಟ ಹಾಗಾಯಿತು.

ಪೆಟ್ಟಿಗೆ ಬಿಚ್ಚಿಸಿದರು. ನಾಯಿ ಮೂಸಿತು. ಅದಕ್ಕೆ ಚಕ್ಕುಲಿಯ ಡಬ್ಬಿ ಬಿಟ್ಟರೆ ಬೇರೆ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಬಾಂಬ್ ದಳದವರು ತೆಂಗಿನಕಾಯಿಯನ್ನು ಕಿವಿಗಿಟ್ಟು ಅಲ್ಲಾಡಿಸಿ, ಕಡೆಗೆ ನಿಂಬೆಹಣ್ಣನ್ನೂ ಕುಯ್ದು ನೋಡಿದರು. ಪರಸ್ತಾನದ ವಿಷಯ ಕೇಳಿ ಲೋಗನಾಥನ್ ಹಣೆ ಚಚ್ಚಿಕೊಂಡ.

"ನಾನು ಊರಿಗೆ ಹೊರಟರೆ ನಮ್ಮಮ್ಮನೂ ಇಡಿಸುತ್ತಾರಮ್ಮ. ಆದರೆ ಪಕ್ಕದ ಮನೆಯಲ್ಲಿ! ಮುನ್ನೂರು ಜನ ಬಿಸಿಲಲ್ಲಿ ಬೇಯೋ ಹಾಗೆ ಇಲ್ಲಿ ಅಲ್ಲ." ಗದರಿಸಿ, ಹೇಳಿಕೆ ಬರೆಸಿಕೊಂಡು, ಹಿಂತಿರುಗಿದ ಮೇಲೆ ಠಾಣೆಗೆ ಬರಬೇಕೆಂದು ಹೇಳಿ ಬಿಟ್ಟ. ಸುಶೀಲಮ್ಮ ಹೊರಗೆ ಬಂದು ಮೊದಲು, ಪೊಲೀಸರು ಬಿಟ್ಟುಬಿಟ್ಟಿದ್ದ ಹಿನಾಳ ಹತ್ತಿರ ಹೋದರು. ಅವಳ ಕೈ ಹಿಡಿದು ನಿಂತರು.

ಬಾಗಿಲು ತೆರೆಯಿತು. ಮುದುಕರ ಗಾಡಿ ಮೊದಲು ಒಳಗೆ ಹೋಯಿತು. ಮುಂಬೈಯವರನ್ನು ಕರೆದಾಗ ಶಂಕರಪ್ಪ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಏನೂ ಆಗಿಲ್ಲವೆಂಬಂತೆ ಕೈ ಚಾಚಿದ. "ಸುಶೀಲಾ, ನನ್ನ ಟಿಕೆಟ್ ಕೊಡು."

ಬಾಗಿಲಲ್ಲೇ ನಿಂತಿದ್ದ ಲೋಗನಾಥನ್ ಆ ಕೈಯನ್ನು ನೋಡಿದ, ಆಮೇಲೆ ಮುಖವನ್ನು ನೋಡಿದ. "ಏನ್ ಸಾರ್, ಇವರು ಗೊತ್ತೇ ಇಲ್ಲ ಅಂದಿರಿ. ನಿಮ್ಮ ಟಿಕೆಟ್ ಇವರ ಚೀಲಕ್ಕೆ ಹೇಗೆ ಬಂತು?"

"ಅದು... ಜನ ಇದ್ರಲ್ಲ ಸಾರ್... ನಮ್ಮ ಮನೆಯವರೇ..."

"ಪೊಲೀಸರ ಮುಂದೆ ಸುಳ್ಳು ಹೇಳಿದಿರಿ. ಆ ಹುಡುಗಿಯನ್ನು ತೋರಿಸಿಕೊಟ್ಟವರೂ ನೀವೇ ಅಲ್ವಾ?" ಲೋಗನಾಥನ್ ಸುಶೀಲಮ್ಮನತ್ತ ತಿರುಗಿದ. "ಅಮ್ಮಾ, ಇವರು ನಿಮಗೆ ಗೊತ್ತಾ?"

ಶಂಕರಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವರದೇನೂ ತಪ್ಪಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು, ಬಿಡಿಸಿಕೊಂಡು ಹೋಗಬಹುದು. ಮದುವೆಯಾದಾಗಿನಿಂದ ಆ ಒಂದು ಮಾತನ್ನು ಸುಶೀಲಮ್ಮ ಎಲ್ಲ ಕಡೆ ಹೇಳಿಕೊಂಡೇ ಬಂದಿದ್ದರು.

"ಗೊತ್ತು ಸಾರ್. ನನ್ನ ಯಜಮಾನರು. ಬಹಳ ಚೆನ್ನಾಗಿ ಗೊತ್ತು," ಎಂದರು. "ಪೆಟ್ಟಿ ಇಲ್ಲಿ ಇಡಿಸಿದವರೂ ಇವರೇ. ಆತುರ ಏನಿಲ್ಲ, ನಿಧಾನವಾಗಿ ವಿಚಾರಿಸಿ."

ಪೆಟ್ಟಿಗೆ ಎತ್ತಿಕೊಂಡರು. ಹಿನಾ ಇನ್ನೊಂದು ಕಡೆ ಹಿಡಿದಳು.

ಸಂಜೆ ಏಳೂಮುಕ್ಕಾಲಿಗೆ ಮುಂಬೈಯ ಛತ್ರದಲ್ಲಿ ತೆನ್ಮೊಳಿ ಸಿರುಮುಗೈ ಸೀರೆಯುಟ್ಟು ಕೂತಳು. ಮಡಿಕೆಯಲ್ಲಿ ಒಂದಿಷ್ಟು ಅರಿಶಿನ, ನಾಯಿಯ ಮೂಗಿನ ಒದ್ದೆ ಇತ್ತೇನೋ, ಯಾರಿಗೂ ಕಾಣಲಿಲ್ಲ. ಹುಡುಗನ ಅಜ್ಜ ತಾಂಬೂಲದ ತಟ್ಟೆ ಹಿಡಿದು ಅತ್ತಿತ್ತ ನೋಡಿದರು.

"ಹೆಣ್ಣಿನಪ್ಪ ಎಲ್ಲಿ? ಗಂಡಸರು ಯಾರೂ ಇಲ್ಲವಾ? ತಟ್ಟೆ ಯಾರ ಕೈಗೆ ಕೊಡೋದು?"

ತೆನ್ಮೊಳಿ ಅಮ್ಮನ ಮುಖ ನೋಡಿದಳು. ಸುಶೀಲಮ್ಮನ ಕೈಚೀಲದಲ್ಲಿ ಫೋನು ಆಗಿನಿಂದ ಬಡಿದುಕೊಳ್ಳುತ್ತಲೇ ಇತ್ತು.

"ಹೆತ್ತವಳು ನಾನಿದ್ದೀನಲ್ಲ, ಕೊಡಿ," ಎಂದು ಮುಂದೆ ಬಂದರು. ತಟ್ಟೆ ಭಾರವಾಗಿತ್ತು, ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಫೋನು ಮತ್ತೆ ಬಡಿದುಕೊಂಡಿತು, ಎತ್ತಲು ಅವರ ಕೈ ಖಾಲಿ ಇರಲಿಲ್ಲ.